ಖಾಲಿ ಕೋಣೆಗಳಲ್ಲಿ ಲಿಂಕನ್: ವಾಷಿಂಗ್ಟನ್ನಿನ ಬೇಸಿಗೆ ಮನೆಯ ವಿಮರ್ಶೆ

ವಾಷಿಂಗ್ಟನ್ನಿನಲ್ಲಿ ಅಬ್ರಹಾಂ ಲಿಂಕನ್ ಅವರನ್ನು ಅರಸಿ ಹೋಗುವವರು ಸಾಮಾನ್ಯವಾಗಿ ಎರಡು ಜಾಗಗಳನ್ನು ನೋಡಿ ಹಿಂದಿರುಗುತ್ತಾರೆ. 19 ಅಡಿ ಎತ್ತರದ ಅಮೃತಶಿಲೆಯ ಪ್ರತಿಮೆಯಿರುವ ಸ್ಮಾರಕ ಒಂದು; 1865ರ ಏಪ್ರಿಲ್ 14ರ ರಾತ್ರಿ ಅವರಿಗೆ ಗುಂಡೇಟು ಬಿದ್ದ ಫೋರ್ಡ್ಸ್ ಥಿಯೇಟರ್ ಇನ್ನೊಂದು. ಮೊದಲನೆಯದು ಅವರ ಕೀರ್ತಿಯನ್ನು ಕಾಣಿಸುತ್ತದೆ, ಎರಡನೆಯದು ಸಾವನ್ನು. ಗುಲಾಮಗಿರಿಯ ಪ್ರಶ್ನೆಯಲ್ಲಿ ಬಂಡೆದ್ದ ದಕ್ಷಿಣದ ರಾಜ್ಯಗಳೊಡನೆ ನಡೆದ ಅಮೆರಿಕದ ಅಂತರ್ಯುದ್ಧದ ನಡುವೆ ತೀರ್ಮಾನಗಳನ್ನು ಅಳೆದು ತೂಗುತ್ತಿದ್ದ, ಕೆಲವೊಮ್ಮೆ ಬೇಕೆಂದೇ ತಡಮಾಡುತ್ತಿದ್ದ ಅಧ್ಯಕ್ಷರ ಬಗ್ಗೆ ಕುತೂಹಲವಿರುವವರು ಶ್ವೇತಭವನದಿಂದ ಸುಮಾರು ಮೂರು ಮೈಲಿ ಉತ್ತರಕ್ಕೆ, ಸೋಲ್ಜರ್ಸ್ ಹೋಮ್ ಆವರಣದಲ್ಲಿರುವ ಲಿಂಕನ್ ಕಾಟೇಜಿಗೆ ಹೋಗಬೇಕು. ನಗರದಲ್ಲಿರುವ ಲಿಂಕನ್ ತಾಣಗಳಲ್ಲಿ ನನ್ನ ಮಟ್ಟಿಗೆ ಇದೇ ಮೇಲು.

ಮನೆಯ ಹಿನ್ನೆಲೆಯಲ್ಲೇ ಒಂದು ವ್ಯಂಗ್ಯ ಅಡಗಿದೆ. 1842ರಲ್ಲಿ ಜಾರ್ಜ್ ರಿಗ್ಸ್ ಎಂಬ ಬ್ಯಾಂಕ್ ಮಾಲೀಕರು ಕಟ್ಟಿಸಿದ ಈ ಗಾಥಿಕ್ ಶೈಲಿಯ ಬಂಗಲೆಯನ್ನು 1851ರಲ್ಲಿ ಸರ್ಕಾರ ವೃದ್ಧ ಹಾಗೂ ಅಂಗವಿಕಲ ಸೈನಿಕರ ಆಶ್ರಯಕ್ಕಾಗಿ ಕೊಂಡುಕೊಂಡಿತು. ಅದಕ್ಕೆ ಒದಗಿದ ಹಣ, ಮೆಕ್ಸಿಕೋ ಯುದ್ಧದಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಮೆಕ್ಸಿಕೋ ನಗರದಿಂದ ವಸೂಲಿ ಮಾಡಿದ್ದ ಹಣ. ಆ ಯುದ್ಧ ಆರಂಭವಾದ ಬಗೆಯನ್ನು 1847ರಲ್ಲಿ ಸಂಸತ್ತಿನಲ್ಲಿ ಖಂಡಿಸಿ ತನ್ನ ಕ್ಷೇತ್ರದಲ್ಲೇ ಟೀಕೆಗೆ ಗುರಿಯಾದ ಇಲಿನಾಯ್ ಪ್ರತಿನಿಧಿ ಮತ್ತಾರೂ ಅಲ್ಲ, ಲಿಂಕನ್ನರೇ. ಅವರು ಈ ಮನೆಗೆ ಬಂದದ್ದು 1862ರ ಬೇಸಿಗೆಯಲ್ಲಿ. ಅದೇ ಫೆಬ್ರವರಿಯಲ್ಲಿ ಹನ್ನೊಂದು ವರ್ಷದ ಮಗ ವಿಲಿ ಶ್ವೇತಭವನದಲ್ಲಿ ಜ್ವರದಿಂದ ತೀರಿಕೊಂಡಿದ್ದ. ಪತ್ನಿ ಮೇರಿ ಅವರಿಗೆ ಆ ಕಟ್ಟಡದಲ್ಲಿ ಇರುವುದೇ ಅಸಾಧ್ಯವಾಗಿತ್ತು. 1862, 1863, 1864ರ ಬೇಸಿಗೆಯಿಂದ ಶರತ್ಕಾಲದವರೆಗೆ ಕುಟುಂಬ ಇಲ್ಲೇ ಇತ್ತು. ಒಟ್ಟಾರೆ ಅಧ್ಯಕ್ಷಾವಧಿಯ ಸುಮಾರು ಕಾಲು ಭಾಗ ಇಲ್ಲಿ ಕಳೆದಿದೆ. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು ಮಾತ್ರ 2008ರಲ್ಲಿ.

ಒಳಗೆ ನಮ್ಮಷ್ಟಕ್ಕೆ ನಾವು ಅಡ್ಡಾಡುವಂತಿಲ್ಲ. ಸಣ್ಣ ಗುಂಪುಗಳನ್ನು ಮಾರ್ಗದರ್ಶಕರೊಬ್ಬರು ಸುಮಾರು ಒಂದು ಗಂಟೆ ಕಾಲ ಕರೆದೊಯ್ಯುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಖಾಲಿತನ. ಹಗ್ಗ ಕಟ್ಟಿದ ಮಂಚವಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಚಹಾ ಬಟ್ಟಲುಗಳಿಲ್ಲ. ಒಂದೆರಡು ಕುರ್ಚಿ, ಕಿಟಕಿಯ ಬೆಳಕು, ಅಲ್ಲಲ್ಲಿ ಧ್ವನಿ ಮತ್ತು ಚಿತ್ರಗಳ ನೆರವು, ಉಳಿದದ್ದೆಲ್ಲ ಮಾತು. ಹಳೆಯ ಪೀಠೋಪಕರಣ ನೋಡಲೆಂದೇ ಬಂದವರಿಗೆ ಇದು ಸಪ್ಪೆಯೆನಿಸಬಹುದು. ಆದರೆ ವಸ್ತುಗಳಿಲ್ಲದ ಕಾರಣ ಗಮನವೆಲ್ಲ ಪ್ರಶ್ನೆಗಳ ಕಡೆಗೆ ತಿರುಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಯಾರ ಮಾತು ಕೇಳುತ್ತಿದ್ದಿರಿ ಎಂದು ಮಾರ್ಗದರ್ಶಕರು ಕೇಳಿದಾಗ ಗುಂಪಿನವರು ಪರಸ್ಪರ ವಾದಕ್ಕಿಳಿಯುತ್ತಾರೆ, ಮತ್ತು ಆ ವಾದವೇ ಈ ಭೇಟಿಯ ತಿರುಳು. ಇಂಥ ವ್ಯವಸ್ಥೆಯಲ್ಲಿ ಅನುಭವದ ಗುಣಮಟ್ಟ ಮಾರ್ಗದರ್ಶಕರನ್ನೂ ಜೊತೆಯ ಗುಂಪನ್ನೂ ಅವಲಂಬಿಸಿರುವುದು ಸಹಜ. ಮೌನಿಗಳ ಗುಂಪು ಸಿಕ್ಕರೆ ನೀವೇ ಬಾಯಿ ತೆರೆಯಬೇಕಾಗುತ್ತದೆ.

ಗಮನವಿಟ್ಟು ನೋಡಬೇಕಾದ ವಸ್ತುವೆಂದರೆ ಒಂದು ಬರೆಯುವ ಮೇಜು. ಅದು ಪ್ರತಿಕೃತಿ, ಅಸಲು ಶ್ವೇತಭವನದಲ್ಲಿದೆ. ಬಂಡೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರೆಂದು ಸಾರಿದ ವಿಮೋಚನಾ ಘೋಷಣೆಯ ಕರಡಿನ ಮೇಲೆ ಲಿಂಕನ್ ಕೆಲಸ ಮಾಡಿದ ಜಾಗಗಳಲ್ಲಿ ಈ ಮನೆಯೂ ಒಂದು. 1862ರ ಜುಲೈ 22ರಂದು ಅವರು ಕರಡನ್ನು ಸಚಿವ ಸಂಪುಟದ ಮುಂದೆ ಓದಿದಾಗ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್, ಸೋಲುಗಳ ಬೆನ್ನಲ್ಲೇ ಇದನ್ನು ಹೊರಡಿಸಿದರೆ ಕೈಲಾಗದ ಸರ್ಕಾರದ ಕೊನೆಯ ಕೂಗಿನಂತೆ ಕೇಳಿಸೀತು, ಒಂದು ಗೆಲುವಿಗಾಗಿ ಕಾಯುವುದು ಒಳಿತು ಎಂದು ಸಲಹೆಯಿತ್ತರು. ಲಿಂಕನ್ ಕಾದರು. ಸೆಪ್ಟೆಂಬರ್ 17ರ ಆಂಟೀಟಮ್ ಕದನ ಪೂರ್ಣ ಜಯವಲ್ಲದಿದ್ದರೂ ದಕ್ಷಿಣದ ಸೇನೆಯನ್ನು ಹಿಮ್ಮೆಟ್ಟಿಸಿತು. ಐದು ದಿನಗಳ ನಂತರ ಪ್ರಾಥಮಿಕ ಘೋಷಣೆ ಹೊರಬಿತ್ತು, 1863ರ ಜನವರಿ 1ರಂದು ಅಂತಿಮ ಘೋಷಣೆ ಜಾರಿಯಾಯಿತು.

ಕರಡು ಸಿದ್ಧವಿದ್ದೂ ಬಹಿರಂಗವಾಗದ ಆ ಎರಡು ತಿಂಗಳು ಲಿಂಕನ್ನರ ನಾಯಕತ್ವದ ಅತ್ಯಂತ ಇಕ್ಕಟ್ಟಿನ ಕಾಲ. ಆಗಸ್ಟ್ 14ರಂದು ಕಪ್ಪು ಸಮುದಾಯದ ನಿಯೋಗವೊಂದನ್ನು ಶ್ವೇತಭವನಕ್ಕೆ ಕರೆಸಿ, ಅವರು ದೇಶ ತೊರೆದು ಬೇರೆಡೆ ನೆಲೆಸುವುದು ಲೇಸೆಂದು ಲಿಂಕನ್ ವಾದಿಸಿದರು. ಆಗಸ್ಟ್ 22ರಂದು ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿ ಅವರಿಗೆ ಬರೆದ ಬಹಿರಂಗ ಪತ್ರದಲ್ಲಿ, ಒಬ್ಬ ಗುಲಾಮನನ್ನೂ ಬಿಡುಗಡೆ ಮಾಡದೆ ಒಕ್ಕೂಟವನ್ನು ಉಳಿಸಬಹುದಾದರೆ ಹಾಗೆಯೇ ಮಾಡುವೆನೆಂದರು. ಅದೇ ಪತ್ರದ ಕೊನೆಯಲ್ಲಿ, ಎಲ್ಲೆಡೆಯ ಎಲ್ಲ ಮನುಷ್ಯರೂ ಸ್ವತಂತ್ರರಾಗಿರಬೇಕೆಂಬುದು ತನ್ನ ವೈಯಕ್ತಿಕ ಬಯಕೆಯೆಂದೂ ಸೇರಿಸಿದರು. ಇದನ್ನು ಬೂಟಾಟಿಕೆ ಎಂದು ಕರೆಯುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ: ಗುಲಾಮಗಿರಿಯನ್ನು ಉಳಿಸಿಕೊಂಡೂ ಒಕ್ಕೂಟದಲ್ಲಿ ನಿಂತಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳು ಕೈಬಿಟ್ಟು ಹೋಗದಂತೆ ನೆಲವನ್ನು ಹದಗೊಳಿಸುವ ಪ್ರಯತ್ನ ಆ ಪತ್ರದಲ್ಲಿ ಕಾಣುತ್ತದೆ. ನಿಯೋಗದೊಂದಿಗೆ ಆಡಿದ ಮಾತುಗಳಿಗೆ ಮಾತ್ರ ಅಷ್ಟು ಸುಲಭದ ಸಮರ್ಥನೆಯಿಲ್ಲ.

ಘೋಷಣೆ ಆ ನಾಲ್ಕು ರಾಜ್ಯಗಳಿಗೆ ಅನ್ವಯಿಸಲೇ ಇಲ್ಲ. ಬಂಡೆದ್ದ ಪ್ರದೇಶಗಳಿಗಷ್ಟೇ ಅದರ ವ್ಯಾಪ್ತಿ. ಆದರೂ ಅದು ಕಪ್ಪು ಜನರಿಗೆ ಸೇನೆಯ ಬಾಗಿಲು ತೆರೆಯಿತು, ಮತ್ತು ಯುದ್ಧ ಮುಗಿಯುವ ವೇಳೆಗೆ ಸುಮಾರು 1,80,000 ಮಂದಿ ಸೇರಿದ್ದರು. ಅವರಿಗೆ ಸಮಾನ ವೇತನ ಕೊಡಬೇಕೆಂದು ಒತ್ತಾಯಿಸಲು 1863ರ ಆಗಸ್ಟಿನಲ್ಲಿ ಶ್ವೇತಭವನಕ್ಕೆ ಬಂದ ಫ್ರೆಡರಿಕ್ ಡಗ್ಲಸ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಕಪ್ಪು ನಾಯಕರು, ಅಧ್ಯಕ್ಷರ ನಿಧಾನವನ್ನು ಟೀಕಿಸುತ್ತಲೇ ಅವರು ತನ್ನನ್ನು ಸಮಾನನಂತೆ ನಡೆಸಿಕೊಂಡದ್ದನ್ನು ಮೆಚ್ಚಿದವರು. ಗುಲಾಮಗಿರಿಗೆ ದೇಶದಾದ್ಯಂತ ಕಾನೂನಿನ ತೆರೆ ಬಿದ್ದದ್ದು ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ. 1865ರ ಜನವರಿ 31ರಂದು ಅದು ಕೆಳಮನೆಯಲ್ಲಿ 119–56 ಮತಗಳಿಂದ ಅಂಗೀಕಾರವಾಯಿತು. ಆದರೆ ರಾಜ್ಯಗಳ ಅನುಮೋದನೆ ಡಿಸೆಂಬರ್ 6ಕ್ಕೆ ಪೂರ್ಣಗೊಂಡಾಗ ಅದನ್ನು ಕಾಣಲು ಲಿಂಕನ್ ಇರಲಿಲ್ಲ.

ಈ ಮನೆಯೊಂದಿಗೆ ಹೆಣೆದುಕೊಂಡ ಕಥೆಗಳಲ್ಲಿ ನನಗೆ ಹಿಡಿಸಿದ್ದು ಕೀರ್ತಿ ತರುವಂಥದ್ದಲ್ಲ. 1862ರ ಆಗಸ್ಟಿನಲ್ಲಿ ಪೊಟೊಮ್ಯಾಕ್ ನದಿಯ ಹಡಗು ದುರಂತದಲ್ಲಿ ಪತ್ನಿಯನ್ನು ಕಳೆದುಕೊಂಡ ಸೇನಾಧಿಕಾರಿಯೊಬ್ಬರು ಶವ ತರಲು ಅನುಮತಿ ಕೋರಿ ಸಂಜೆ ಇಲ್ಲಿಗೆ ಬಂದರಂತೆ. ದಣಿದಿದ್ದ ಅಧ್ಯಕ್ಷರು, ತನಗೆ ಇಲ್ಲಿಯೂ ವಿಶ್ರಾಂತಿಯಿಲ್ಲವೇ ಎಂದು ರೇಗಿ ಕಳುಹಿಸಿದರಂತೆ. ಮರುದಿನ ಬೆಳಿಗ್ಗೆ ಅವರೇ ಆ ಅಧಿಕಾರಿಯ ಹೋಟೆಲ್ ಕೋಣೆಯ ಬಾಗಿಲು ತಟ್ಟಿ ಕ್ಷಮೆ ಕೇಳಿ, ಬೇಕಾದ ಏರ್ಪಾಡು ಮಾಡಿಕೊಟ್ಟರೆಂದು ನಿರೂಪಣೆಯಿದೆ.

ಯಾರಿಗೆ ಈ ತಾಣ ಹಿಡಿಸೀತು? ಅಂತರ್ಯುದ್ಧದ ಸ್ಥೂಲ ಪರಿಚಯವಾದರೂ ಇದ್ದವರಿಗೆ ಇದು ತುಂಬಾ ಕೊಡುತ್ತದೆ. ಏನೂ ತಿಳಿಯದೆ ಬರುವವರು ಮೊದಲು ಪಕ್ಕದ ಸಂದರ್ಶಕರ ಕೇಂದ್ರದ ಪ್ರದರ್ಶನವನ್ನು ಸಾವಧಾನವಾಗಿ ನೋಡಿಕೊಂಡರೆ ಮನೆಯೊಳಗಿನ ಚರ್ಚೆ ಅರ್ಥವಾಗುತ್ತದೆ. ಚಿಕ್ಕ ಮಕ್ಕಳಿಗೆ ಖಾಲಿ ಕೋಣೆಯ ಸಂವಾದಕ್ಕಿಂತ ಹೊರಗೆ ಕುದುರೆಯ ಪಕ್ಕ ನಿಂತಿರುವ ಲಿಂಕನ್ ಪ್ರತಿಮೆಯೇ ಇಷ್ಟವಾದೀತು. ಟಿಕೆಟನ್ನು ಮುಂಗಡವಾಗಿ ಕಾದಿರಿಸುವುದು ಒಳ್ಳೆಯದು. ಮೆಟ್ರೋದಲ್ಲಿ ಬರುವವರಿಗೆ ಜಾರ್ಜಿಯಾ ಅವೆನ್ಯೂ–ಪೆಟ್‌ವರ್ತ್ ನಿಲ್ದಾಣ ಹತ್ತಿರ, ಅಲ್ಲಿಂದ ಮುಂದೆ ಸ್ವಲ್ಪ ನಡಿಗೆಯಿದೆ. ಆವರಣ ಇಂದಿಗೂ ನಿವೃತ್ತ ಸೈನಿಕರ ವಸತಿಯಾದ್ದರಿಂದ ಎಲ್ಲೆಂದರಲ್ಲಿ ತಿರುಗಾಡುವಂತಿಲ್ಲ. ಸಮಯವಿದ್ದರೆ ಪಕ್ಕದ ಸೈನಿಕರ ಸ್ಮಶಾನದತ್ತಲೂ ಹೋಗಿ ಬರಬೇಕು: 1861ರಲ್ಲಿ ಆರಂಭವಾದ ಅದು 1864ರ ಹೊತ್ತಿಗೆ ಬಹುತೇಕ ತುಂಬಿ, ಹೊಸ ಶವಗಳನ್ನು ಆರ್ಲಿಂಗ್ಟನ್ನಿಗೆ ಒಯ್ಯಬೇಕಾಗಿ ಬಂತು.