ಮಕ್ಕಳ ಜೊತೆ ಭಾನುವಾರದ ಮಾತು: ವಿಡಿಯೊನಾ, ಬರೀ ಫೋನಾ, ವಾಯ್ಸ್ ಮೆಸೇಜಾ?

ನಾವಿಬ್ಬರೂ ರಿಟೈರ್ ಆದವರು, ಶಿವಮೊಗ್ಗದಲ್ಲಿದ್ದೇವೆ. ನಾನು ಬ್ಯಾಂಕಿನಲ್ಲಿದ್ದೆ, ಹೆಂಡತಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿ, ಎಡಿಸನ್ ಅನ್ನೋ ಊರು. ಮಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ವಾರದ ಬೇರೆ ದಿನ ಅವರಿಗೆ ಪುರುಸೊತ್ತಿಲ್ಲ, ನಮಗೆ ಏಳೂ ದಿನ ಪುರುಸೊತ್ತು. ಹಾಗಾಗಿ ಮಾತೆಲ್ಲ ಭಾನುವಾರಕ್ಕೆ ಬಂದು ನಿಲ್ಲುತ್ತದೆ.

ನಮ್ಮ ವಯಸ್ಸಿನವರು ಪಾರ್ಕಿನಲ್ಲಿ ಸಿಕ್ಕಿದರೆ ಮೊದಲು ಬಿಪಿ ಮಾತು, ಆಮೇಲೆ ಇದೇ ಪ್ರಶ್ನೆ: ನೀವು ಯಾವುದರಲ್ಲಿ ಮಾತಾಡ್ತೀರಿ? ವಾಟ್ಸಾಪಾ, ಜೂಮಾ? ನಾವು ಎಲ್ಲವನ್ನೂ ಮಾಡಿ ನೋಡಿದ್ದೇವೆ. ನನ್ನ ಮಟ್ಟಿಗೆ ಆ್ಯಪ್ ಯಾವುದು ಅನ್ನೋದು ಕೊನೆಯ ಪ್ರಶ್ನೆ. ಎಷ್ಟು ಗಂಟೆಗೆ ಅನ್ನೋದು ಮೊದಲನೆಯದು. ಎಲ್ಲರೂ ಒಂದೇ ಹೊತ್ತಿಗೆ ಕೂರಲೇಬೇಕಾ ಅನ್ನೋದು ಎರಡನೆಯದು.

ಬೆಳಗ್ಗೆನಾ, ಸಂಜೆನಾ?

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅವರದ್ದು ಹಾಗಿಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ತಿಂಗಳ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಅವರ ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಮೆಲ್ಬರ್ನ್‌ನದ್ದು ಉಲ್ಟಾ ಲೆಕ್ಕ. ಅಕ್ಟೋಬರ್‌ನ ಮೊದಲ ಭಾನುವಾರ ಮುಂದಕ್ಕೆ, ಏಪ್ರಿಲ್‌ನ ಮೊದಲ ಭಾನುವಾರ ಹಿಂದಕ್ಕೆ. ನಾಲ್ಕೂವರೆ ಗಂಟೆ ಮುಂದಿದ್ದ ಮಗ ಐದೂವರೆ ಗಂಟೆ ಮುಂದೆ ಹೋಗಿಬಿಡುತ್ತಾನೆ.

ಇದನ್ನು ಭಾನುವಾರಕ್ಕೆ ಹೊಂದಿಸಿ ನೋಡಿ. ನಮಗೆ ಸಂಜೆ 7 ಗಂಟೆ ಅನುಕೂಲ. ದೀಪ ಹಚ್ಚಿ ಆಗಿರುತ್ತದೆ, ಅಡಿಗೆಗೆ ಇನ್ನೂ ಹೊತ್ತಿರುತ್ತದೆ. ಮಗಳಿಗೆ ಆಗ ಭಾನುವಾರ ಬೆಳಗಿನ 9.30, ಚಳಿಗಾಲವಾದರೆ 8.30. ಅವಳು ದೋಸೆ ಹುಯ್ಯುತ್ತಾ ಮಾತಾಡುತ್ತಾಳೆ, ಮೊಮ್ಮಗಳು ಎದ್ದು ಚುರುಕಾಗಿರುತ್ತಾಳೆ. ಆದರೆ ಮಗನಿಗೆ ರಾತ್ರಿ 11.30, ಇಲ್ಲಾಂದ್ರೆ 12.30. ಮಾರನೇ ದಿನ ಆಫೀಸು. ಅವನು ಆಕಳಿಸುತ್ತಾ ಕೂರುವುದನ್ನು ನೋಡುವುದಕ್ಕಿಂತ ಮಲಗು ಮಾರಾಯ ಅನ್ನೋದೇ ವಾಸಿ.

ಬೆಳಗ್ಗೆ 7.30 ಮಗನಿಗೆ ಹೇಳಿ ಮಾಡಿಸಿದ ಹೊತ್ತು. ಅವನಿಗಾಗ ಮಧ್ಯಾಹ್ನ 12 ಅಥವಾ 1. ಮಗಳಿಗೆ ಮಾತ್ರ ಶನಿವಾರ ರಾತ್ರಿ 10 ಅಥವಾ 9. ಅಷ್ಟೊತ್ತಿಗೆ ಮಗು ಮಲಗಿರುತ್ತದೆ. ಮಗು ಇಲ್ಲದ ಕಾಲ್ ನಮ್ಮವಳ ಲೆಕ್ಕದಲ್ಲಿ ಕಾಲೇ ಅಲ್ಲ.

ಮೂರೂ ಕಡೆ ಒಟ್ಟಿಗೆ ಬೇಕಂದ್ರೆ ಇರುವುದು ಒಂದೇ ಕಿಟಕಿ: ನಮ್ಮ ಭಾನುವಾರ ಬೆಳಗಿನ 6. ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ 8.30 ಅಥವಾ 7.30, ಮೆಲ್ಬರ್ನ್‌ನಲ್ಲಿ ಭಾನುವಾರ ಬೆಳಗ್ಗೆ 10.30 ಅಥವಾ 11.30. ಎಲ್ಲರೂ ಎಚ್ಚರ, ಎಲ್ಲರಿಗೂ ರಜ. ನಾವು ಐದೂವರೆಗೆ ಎದ್ದು ಕಾಫಿ ಹಿಡಿದು ಕೂರಬೇಕು, ಅಷ್ಟೇ. ಈ ವಯಸ್ಸಿನಲ್ಲಿ ಹೇಗೂ ನಾಲ್ಕೂವರೆಗೇ ಎಚ್ಚರ ಆಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಯಾರೂ ಹೇಳಿಕೊಡುವುದಿಲ್ಲ. ಗೂಗಲ್ ಕ್ಯಾಲೆಂಡರ್‌ನಲ್ಲಿ ಪ್ರತಿವಾರದ ಕಾಲ್ ಹಾಕಿಟ್ಟರೆ ಅದು ಅವರವರ ಊರಿನ ಹೊತ್ತಿನಲ್ಲೇ ತೋರಿಸುತ್ತದೆ. ಆದರೆ ನಾವು ನಮ್ಮ ಹೊತ್ತಿಗೆ ಹಾಕಿದರೆ, ಗಡಿಯಾರ ಬದಲಾದಾಗ ಅವರಿಗೆ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಅವರ ಹೊತ್ತಿಗೆ ಹಾಕಿದರೆ ನಮಗೆ ಆಗುತ್ತದೆ. ಮಕ್ಕಳಿರುವ ಮನೆಯ ಗಡಿಯಾರಕ್ಕೆ ಕಟ್ಟಿಹಾಕಿ. ಮಗು ಮಲಗುವ ಹೊತ್ತು ಬದಲಾಗುವುದಿಲ್ಲ, ನಮ್ಮ ತಿಂಡಿ ಬೇಕಾದರೆ ಒಂದು ಗಂಟೆ ತಡ ಆಗಲಿ.

ವಿಡಿಯೊ: ಕೈಗೆ ಕೆಲಸ ಕೊಟ್ಟರೆ ಮಾತ್ರ

ವಿಡಿಯೊ ಕಾಲ್ ಅಂದರೆ ಎಲ್ಲರಿಗೂ ಮೊದಲ ಆಯ್ಕೆ. ಮುಖ ಕಾಣುತ್ತದೆ ಅಲ್ವಾ. ಆದರೆ ಸುಮ್ನೆ ಮುಖ ನೋಡುತ್ತಾ ಕೂರುವ ವಿಡಿಯೊ ಹತ್ತು ನಿಮಿಷಕ್ಕೆ ಒಣಗುತ್ತದೆ. ಊಟ ಆಯ್ತಾ, ಚಳಿ ಇದೆಯಾ, ಮಳೆ ಬಂತಾ. ಆಮೇಲೆ ನಾಲ್ಕು ಜನ ನಾಲ್ಕು ಮೂಲೆ ನೋಡುತ್ತಾರೆ. ಚಿಕ್ಕ ಮಕ್ಕಳಂತೂ ಎದ್ದೇ ಹೋಗುತ್ತಾರೆ, ಅವರ ತಪ್ಪೇನೂ ಇಲ್ಲ.

ನಮ್ಮಲ್ಲಿ ವಿಡಿಯೊಗೆ ಜೀವ ಬಂದಿದ್ದು ಅಳಗುಳಿಮಣೆಯಿಂದ. ಒಂದು ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ. ಇಲ್ಲಿ ಅಜ್ಜಿಯ ಹತ್ತಿರ ಅವಳ ತವರಿನ ಹಲಸಿನ ಮರದ ಮಣೆ, ಹುಣಸೆ ಬೀಜ. ಅಲ್ಲಿ ಮೊಮ್ಮಗಳ ಹತ್ತಿರ ಡಜನ್ ಮೊಟ್ಟೆಯ ಡಬ್ಬಿ. ಅದರಲ್ಲಿ 12 ಗುಳಿ ಸಿದ್ಧ ಇರುತ್ತದೆ. ಎರಡು ತುದಿಗೂ ಒಂದೊಂದು ಬಟ್ಟಲು ಇಟ್ಟರೆ ಮಣೆ ತಯಾರು. ಬೀಜದ ಬದಲು ರಾಜ್ಮಾ. ಎರಡೂ ಮಣೆಯಲ್ಲಿ ಒಂದೇ ಆಟ ನಡೆಯುತ್ತದೆ. ಅಜ್ಜಿ ಒಂದು ಗುಳಿ ಎತ್ತಿ ಹಂಚಿದರೆ ಮಗುವೂ ತನ್ನ ಡಬ್ಬಿಯಲ್ಲಿ ಅದನ್ನೇ ಹಂಚಬೇಕು. ಎಣಿಕೆ ಕನ್ನಡದಲ್ಲಿ. ಅಲ್ಲಿನ ಕನ್ನಡ ಕೂಟದವರು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ, ಅವಳು ಹೋಗುತ್ತಾಳೆ. ಆದರೆ ಹದಿನೇಳು, ಹದಿನೆಂಟು ಬಾಯಿಗೆ ಬಂದಿದ್ದು ಈ ಆಟದಲ್ಲಿ. ಅಜ್ಜಿ ಮೋಸ ಮಾಡುತ್ತಾಳೆ ಅನ್ನೋ ಗುಮಾನಿ ಬಂದ ಮೇಲೆ ಎಣಿಕೆ ಇನ್ನೂ ಜೋರಾಯಿತು.

ಆಟದ ಹೊತ್ತಿಗೆ ಫೋನ್ ಕೈಯಲ್ಲಿ ಹಿಡಿಯಬೇಡಿ. ಒಂದು ಸ್ಟ್ಯಾಂಡ್ ತಗೊಂಡು, ಮಣೆ ಮತ್ತು ಮುಖ ಎರಡೂ ಕಾಣುವ ಹಾಗೆ ಇಡಿ. ಕಿಟಕಿಗೆ ಬೆನ್ನು ಮಾಡಿ ಕೂತರೆ ನಿಮ್ಮ ಮುಖ ಕಪ್ಪಗೆ ಕಾಣುತ್ತದೆ, ಎದುರು ಮಾಡಿ ಕೂರಿ.

ಇನ್ನು ಆ್ಯಪ್‌ಗಳು. ವಾಟ್ಸಾಪ್‌ನಲ್ಲಿ 32 ಜನರ ತನಕ ವಿಡಿಯೊದಲ್ಲಿ ಸೇರಬಹುದು. ಹೆಚ್ಚು ಕಲಿಯುವುದೇನೂ ಇಲ್ಲ, ಎಲ್ಲರ ಫೋನಿನಲ್ಲೂ ಆಗಲೇ ಇದೆ. ಗೂಗಲ್ ಮೀಟ್‌ನ ಉಚಿತ ಆವೃತ್ತಿಯಲ್ಲಿ ಮೂರು ಜನ ಅಥವಾ ಜಾಸ್ತಿ ಇದ್ದರೆ 60 ನಿಮಿಷದ ಮಿತಿ. ಜೂಮ್‌ನಲ್ಲಿ ಅದು 40 ನಿಮಿಷ. ನನ್ನ ಕೇಳಿದರೆ ಆ 40 ನಿಮಿಷ ಒಂದು ವರ. ಮದುವೆ ವಾರ್ಷಿಕೋತ್ಸವಕ್ಕೆ ಬಳಗವೆಲ್ಲ ಸೇರಿದಾಗ ಯಾರೂ ಯಾರಿಗೂ ಸಾಕು ಅನ್ನಬೇಕಾಗಿಲ್ಲ, ಅದೇ ಮುಗಿಸುತ್ತದೆ. ಫೇಸ್‌ಟೈಮ್ ಆ್ಯಪಲ್‌ನವರದ್ದು. 2021ರಿಂದ ಅವರು ಲಿಂಕ್ ಕಳಿಸಿದರೆ ಆಂಡ್ರಾಯ್ಡ್ ಫೋನಿನಿಂದಲೂ ಸೇರಬಹುದು, ಆದರೆ ನಾವಾಗಿ ಶುರು ಮಾಡಲು ಆಗುವುದಿಲ್ಲ. ಒಂದು ಕಾಲದಲ್ಲಿ ಸ್ಕೈಪ್ ಬಿಟ್ಟರೆ ಇನ್ನೊಂದಿರಲಿಲ್ಲ, ಅದು 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ನಮ್ಮ ಮನೆಗೆ ವಾಟ್ಸಾಪ್ ಸಾಕು.

ಮಲೆನಾಡಿನ ಮಳೆಗಾಲಕ್ಕೆ ಬೇಕಾದದ್ದು ಇನ್ನೊಂದು. ಕರೆಂಟ್ ಹೋದರೆ ಫೋನಿನಲ್ಲಿ ಚಾರ್ಜ್ ಇದ್ದರೂ ವೈಫೈ ಪೆಟ್ಟಿಗೆ ಆರಿಹೋಗುತ್ತದೆ. ರೂಟರ್‌ಗೆ ಅಂತಲೇ ಅಂಗೈ ಅಗಲದ ಯುಪಿಎಸ್ ಸಿಗುತ್ತದೆ. ಜೂನ್ ಬರುವ ಮೊದಲು ತಂದಿಟ್ಟುಕೊಳ್ಳಿ.

ಬರೀ ಮಾತು

ಮಗಳು ನಿಜವಾದ ಸುದ್ದಿ ಹೇಳುವುದು ವಿಡಿಯೊದಲ್ಲಿ ಅಲ್ಲ. ಇದು ನನ್ನ ಗಮನಕ್ಕೆ ಬಂದಿದ್ದು ತಡವಾಗಿ, ಹೆಂಡತಿಗೆ ಮೊದಲೇ ಗೊತ್ತಿತ್ತು. ಕ್ಯಾಮೆರಾ ಇದ್ದಾಗ ಎಲ್ಲರೂ ಚೆನ್ನಾಗಿರುತ್ತಾರೆ. ಅವಳು ಕಾರು ಓಡಿಸುತ್ತಾ ಸ್ಪೀಕರ್‌ನಲ್ಲಿ ಮಾತಾಡುವಾಗ, ಅಥವಾ ಬಟ್ಟೆ ಮಡಿಸುತ್ತಾ ಮಾತಾಡುವಾಗ ಆಫೀಸಿನ ಕಿರಿಕಿರಿ, ಅತ್ತೆಮನೆಯ ಮಾತು, ಮಗುವಿನ ಶಾಲೆಯ ಚಿಂತೆ ಹೊರಗೆ ಬರುತ್ತವೆ. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ದನಿಗೆ ಹೇಳಬಹುದು. ಮಗನಂತೂ ವಿಡಿಯೊದಲ್ಲಿ ಹೂಂ, ಉಹೂಂ. ಮೆಲ್ಬರ್ನ್‌ನ ಯಾರಾ ನದಿಯ ದಂಡೆಯಲ್ಲಿ ನಡೆಯುತ್ತಾ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಮಾತಾಡುತ್ತಾನೆ.

ನನಗೂ ಬರೀ ಮಾತೇ ಹಿತ. ಎಡಗಿವಿಗೆ ಹಿಯರಿಂಗ್ ಏಡ್ ಇದೆ, ಬ್ಲೂಟೂತ್ ಇರುವಂಥದ್ದು. ಫೋನಿನ ದನಿ ನೇರ ಕಿವಿಗೇ ಬರುತ್ತದೆ. ಹಾಲ್‌ನಲ್ಲಿ ಸ್ಪೀಕರ್ ಹಾಕಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನನಗೆ ಕೇಳುವುದು ಬರೀ ಸಂತೆ.

ಬರೀ ಮಾತಿಗೆ ಡೇಟಾನೂ ಕಡಿಮೆ ಸಾಕು. ನೆಟ್ ಸೊರಗಿದ್ದಾಗ ವಿಡಿಯೊ ನಿಲ್ಲಿಸಿ ಮಾತು ಮಾತ್ರ ಇಟ್ಟುಕೊಂಡರೆ ಮುಂದುವರಿಯುತ್ತದೆ. ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ಕಾಲ್‌ಗೆ ಕಡಿಮೆ ಡೇಟಾ ಬಳಸು ಅನ್ನೋ ಗುಂಡಿಯೂ ಇದೆ.

ವಾಯ್ಸ್ ಮೆಸೇಜ್, ನನ್ನ ಪ್ರಕಾರ ಇದೇ ಗೆದ್ದಿದ್ದು

ಇದನ್ನು ನಾವು ಹಗುರ ಮಾಡಿ ನೋಡಿದ್ದೆವು. ಮೆಸೇಜ್‌ನಲ್ಲಿ ಎಂಥ ಮಾತು ಅಂತ. ಈಗ ವಾರದಲ್ಲಿ ಜಾಸ್ತಿ ಮಾತು ಆಗುವುದೇ ಇದರಲ್ಲಿ. ಕಾರಣ ಸರಳ. ಕಾಲ್‌ಗೆ ಇಬ್ಬರೂ ಒಂದೇ ಹೊತ್ತಿಗೆ ಬಿಡುವಾಗಿರಬೇಕು. ಇದಕ್ಕೆ ಬೇಡ. ನಾನು ಭಾನುವಾರ ಗಾಂಧಿಬಜಾರಿನಿಂದ ವಾಪಸ್ ಬರುತ್ತಾ ಎರಡು ನಿಮಿಷ ಮಾತಾಡಿ ಬಿಡುತ್ತೇನೆ. ಕಳಲೆ ಬಂದಿದೆ, ರೇಟು ಇಷ್ಟು, ತುಂಗೆಯಲ್ಲಿ ಕೆಂಪು ನೀರು, ಕೋರ್ಪಳಯ್ಯನ ಮಂಟಪ ಮುಳುಗುವ ಹಾಗಿದೆ. ಮಗಳು ಅದನ್ನು ತನ್ನ ಬೆಳಗಿನ ಪ್ರಯಾಣದಲ್ಲಿ ಕೇಳುತ್ತಾಳೆ. ಹಿಂದೆ ಬಸ್ಸಿನ ಹಾರ್ನ್, ಸೊಪ್ಪಿನವಳ ಕೂಗು ಎಲ್ಲ ಬಂದಿರುತ್ತದೆ. ಅದೇ ಬೇಕಂತೆ ಅವಳಿಗೆ. ಕಾಲ್ ಮಾಡಿ ಇಷ್ಟು ಸಣ್ಣ ವಿಷಯ ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಮನೆ ಅಂದರೆ ಇಂಥ ಸಣ್ಣ ವಿಷಯವೇ ಅಲ್ವಾ.

ಮೈಕ್ ಗುಂಡಿ ಒತ್ತಿ ಹಿಡಿದು ಮೇಲಕ್ಕೆ ಸರಿಸಿದರೆ ಲಾಕ್ ಆಗುತ್ತದೆ, ಬೆರಳು ಒತ್ತಿಕೊಂಡೇ ಇರಬೇಕಿಲ್ಲ. ಮಧ್ಯೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಕೇಳುವವರು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಮಗ ನನ್ನ ಮಾತನ್ನು ಎರಡು ಪಟ್ಟಿನಲ್ಲಿ ಕೇಳುತ್ತಾನೆ ಅಂತ ಗೊತ್ತಾದಾಗ ಸ್ವಲ್ಪ ಬೇಜಾರಾಯಿತು, ಇರಲಿ. ಒಂದು ಎಚ್ಚರ: ಚಾಟ್‌ನಲ್ಲಿ ಮೆಸೇಜ್ ತಾನಾಗಿ ಅಳಿಸಿಹೋಗುವ ಆಯ್ಕೆ ಆನ್ ಆಗಿದ್ದರೆ ದನಿಯೂ ಅದರ ಜೊತೆ ಹೋಗುತ್ತದೆ. ಉಳಿಸಿಕೊಳ್ಳಬೇಕಾದ ದನಿ ಇದ್ದರೆ ಅದನ್ನು ಆಫ್ ಮಾಡಿಡಿ.

ಪಕ್ಕದ ಮನೆಯವರು ಕುಂದಾಪುರದ ಕಡೆಯವರು, ಅವರ ಮಗ ದುಬೈನಲ್ಲಿದ್ದಾನೆ. ಯುಎಇಯಲ್ಲಿ ವಾಟ್ಸಾಪ್ ಕಾಲ್‌ಗೆ ತಡೆ ಇದೆ. ಅಲ್ಲಿಯವರು ಬೋಟಿಮ್ ಎಂಬ ಆ್ಯಪ್ ಬಳಸುತ್ತಾರೆ. ಆದರೆ ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಅಲ್ಲೂ ಹೋಗುತ್ತದೆ.

ಉಳಿದವು

ಮಗ ಒಂದು ಎಕೋ ಶೋ ಕೊಡಿಸಿದ್ದ. ಪರದೆ ಇರುವ ಸ್ಪೀಕರ್. ಅದರಲ್ಲಿ ಡ್ರಾಪ್ ಇನ್ ಅನ್ನೋ ಸೌಕರ್ಯ ಇದೆ. ನಾವು ಒಪ್ಪಿಗೆ ಕೊಟ್ಟವರು ನಾವು ಎತ್ತದಿದ್ದರೂ ನೇರವಾಗಿ ಪರದೆಯಲ್ಲಿ ಬರಬಹುದು. ಮೊದಲ ಕೆಲವು ಕ್ಷಣ ಚಿತ್ರ ಮಂಜು ಮಂಜಾಗಿರುತ್ತದೆ, ನಾವು ಸಿದ್ಧವಾಗಲಿ ಅಂತ. ಆದರೆ ನಾನು ಮನೆಯಲ್ಲಿ ಬನಿಯನ್, ಪಂಚೆಯಲ್ಲಿ ಇರುವವನು. ಆ ಕೆಲವು ಕ್ಷಣ ನನಗೆ ಸಾಲದು. ಡ್ರಾಪ್ ಇನ್ ಆಫ್ ಮಾಡಿಸಿದೆ, ಈಗ ಅದು ಹಾಡು ಹೇಳಿಕೊಂಡಿದೆ. ಆದರೆ ಹಾಸಿಗೆ ಹಿಡಿದವರು, ಕಣ್ಣು ಮಂಜಾದವರು, ಫೋನಿನ ಗುಂಡಿ ಒತ್ತಲಾಗದವರು ಮನೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಫೋಟೊಗಳಿಗೆ ಗೂಗಲ್ ಫೋಟೋಸ್‌ನಲ್ಲಿ ಎಲ್ಲರೂ ಹಾಕುವ ಒಂದು ಆಲ್ಬಮ್ ಇದೆ. ಉಚಿತ ಜಾಗ 15 ಜಿಬಿ ಮಾತ್ರ, ಮೇಲ್ ಕೂಡ ಅದರಲ್ಲೇ ಸೇರಬೇಕು. ಹಾಗಾಗಿ ವರ್ಷಕ್ಕೊಮ್ಮೆ ಶುಭೋದಯದ ಚಿತ್ರಗಳನ್ನೆಲ್ಲ ಅಳಿಸಿ ಗುಡಿಸುವ ಕೆಲಸ ನನ್ನದು.

ಅಂಚೆಯನ್ನು ಬಿಟ್ಟಿಲ್ಲ. ಹೆಂಡತಿ ಮೊಮ್ಮಗಳಿಗೆ ಕಾಗದ ಬರೆಯುತ್ತಾಳೆ, ದೊಡ್ಡ ದುಂಡು ಅಕ್ಷರದಲ್ಲಿ, ಒತ್ತಕ್ಷರ ಕಡಿಮೆ ಮಾಡಿ. ತಲುಪಲು ವಾರಗಟ್ಟಲೆ ಹಿಡಿಯುತ್ತದೆ. ಒಳಗೆ ಕನ್ನಡ, ಹೊರಗೆ ಇಂಗ್ಲಿಷಿನಲ್ಲಿ ವಿಳಾಸ ಮತ್ತು ಜಿಪ್ ಕೋಡ್. ಚಟ್ನಿಪುಡಿ ಪಾರ್ಸೆಲ್ ಮಾತ್ರ ಕಷ್ಟದ ಕೆಲಸ. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರ್ ಒಳಗಿನ ಸಾಮಾನಿಗಿದ್ದ ಸುಂಕದ ವಿನಾಯಿತಿ ತೆಗೆದ ಮೇಲೆ ನಮ್ಮ ಅಂಚೆಯವರು ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿದರು. ಕಳಿಸುವ ಮುಂಚೆ ಕೌಂಟರ್‌ನಲ್ಲಿ ಸುಂಕ ಎಷ್ಟು ಅಂತ ಕೇಳಿ. ಆಸ್ಟ್ರೇಲಿಯಾದವರು ಬೀಜ, ಹಣ್ಣು, ಹಾಲಿನ ತಿಂಡಿ ವಿಷಯದಲ್ಲಿ ಬಹಳ ಬಿಗಿ, ಅಲ್ಲಿಗೆ ನಾವು ಏನೂ ಕಳಿಸುವುದಿಲ್ಲ.

ಈಗ ನಮ್ಮ ಭಾನುವಾರ ಹೀಗಿದೆ. ತಿಂಗಳಿಗೊಮ್ಮೆ ಬೆಳಗ್ಗೆ 6ಕ್ಕೆ ಮೂರೂ ಮನೆಯ ವಿಡಿಯೊ. ಉಳಿದ ಭಾನುವಾರ ಸಂಜೆ ಅಳಗುಳಿಮಣೆ, ಮಗನ ಜೊತೆ ಬೆಳಗ್ಗೆ ಬರೀ ಫೋನು. ಮಿಕ್ಕಿದ್ದೆಲ್ಲ ವಾಯ್ಸ್ ಮೆಸೇಜ್. ಹೆಂಡತಿ ಮಾತ್ರ ಪೂರ್ತಿ ಒಪ್ಪಿಲ್ಲ. ಮಗ ಸೊರಗಿದ್ದಾನಾ ಅಂತ ದನಿಯಲ್ಲಿ ಹೇಗೆ ಗೊತ್ತಾಗುತ್ತೆ, ವಾರಕ್ಕೊಮ್ಮೆ ಕ್ಯಾಮೆರಾ ಆನ್ ಮಾಡಲೇಬೇಕು ಅಂತಾಳೆ. ಅವನು ಮಾಡುತ್ತಾನೆ, ಎರಡು ನಿಮಿಷ.