ಮುತ್ತುಗದ ಕೆಂಪು, ರಾಜಹಂಸದ ದೂರ: ಮುಂಬಯಿಯಲ್ಲಿ ಮೂರು ಕ್ಯಾಮೆರಾ, ಮೂರು ಎಡಿಟಿಂಗ್ ದಾರಿ

ಹಕ್ಕಿ ಫೋಟೊಗೆಂದು ಕ್ಯಾಮೆರಾ ಕೊಳ್ಳುವವರು ಮೊದಲು ಕೇಳುವುದು ‘ಜೂಮ್ ಎಷ್ಟಿದೆ?’ ಎಂದು. ಮುಂಬಯಿ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಬೋರಿವಲಿ ಕಾಡಿನ ನೆರಳಿನಲ್ಲಿ ಬೆಳಿಗ್ಗೆ ಏಳಕ್ಕೆ ಸಿಗುವ ಬೆಳಕು ಸೆನ್ಸರ್‌ಗೆ ಸಾಕಾಗುತ್ತದೆಯೇ, ಅದೇ ಬ್ಯಾಗನ್ನು ಎದೆಗವಚಿಕೊಂಡು ಲೋಕಲ್‌ನಲ್ಲಿ ನಿಂತು ಹೋಗಲು ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಮುತ್ತುಗ ಹೂಬಿಟ್ಟಿರುತ್ತದೆ, ರಾಜಹಂಸಗಳೂ (ಫ್ಲೆಮಿಂಗೊ) ಥಾಣೆ ಖಾಡಿಯಲ್ಲೇ, ಅಂದರೆ ಅಲ್ಲಿನ ಸಮುದ್ರದ ಹಿನ್ನೀರಿನಲ್ಲೇ ಇರುತ್ತವೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಅಕ್ಕಪಕ್ಕ ಇಟ್ಟು ನೋಡಿದ ಜೋಡಿಗಳು ಮೂರು. ನಿಕಾನ್ ಪಿ950 ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬದಲಿಸಲಾಗದ್ದು): 83 ಪಟ್ಟು ಜೂಮ್, ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 24ರಿಂದ 2000 ಮಿ.ಮೀ., ತೂಕ ಸುಮಾರು ಒಂದು ಕಿಲೊ. ಕ್ಯಾನನ್ ಆರ್10 ಮತ್ತು ಆರ್‌ಎಫ್ 100–400 ಲೆನ್ಸ್: ಎರಡೂ ಸೇರಿ ಒಂದು ಕಿಲೊಗೆ ತುಸು ಮೇಲೆ, ವ್ಯಾಪ್ತಿ 640 ಮಿ.ಮೀ.ಗೆ ಸಮ. ಮೂರನೆಯದು ನಿಕಾನ್ ಡಿ7200 ಮತ್ತು ಸಿಗ್ಮಾ 150–600 ಕಂಟೆಂಪರರಿ ಲೆನ್ಸ್: 900 ಮಿ.ಮೀ.ಗೆ ಸಮ, ತೂಕ ಸುಮಾರು 2.7 ಕಿಲೊ.

ಐರೋಲಿ: ಇಲ್ಲಿ ದೂರವೇ ಎದುರಾಳಿ

ಥಾಣೆ ಖಾಡಿ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಐರೋಲಿಯ ಅರಣ್ಯ ಇಲಾಖೆ ಕೇಂದ್ರದಿಂದ ಹೊರಡುವ ದೋಣಿಯಿಂದ ಹಕ್ಕಿ 60 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಪಿ950ರ ಪೂರ್ತಿ ಜೂಮ್‌ನಲ್ಲಿ ಚೌಕಟ್ಟಿಗೆ ಸಿಗುವ ಅಗಲ ಸುಮಾರು 1.1 ಮೀಟರ್. ಅಂದರೆ ಮುಕ್ಕಾಲು ಮೀಟರ್ ದಾಟಿದ ಎತ್ತರದ ಕಿರಿಯ ರಾಜಹಂಸ (ಲೆಸ್ಸರ್ ಫ್ಲೆಮಿಂಗೊ) ಚೌಕಟ್ಟು ತುಂಬಿ ನಿಲ್ಲುತ್ತದೆ. ಸಿಗ್ಮಾದಲ್ಲಿ ಅದೇ ಅಗಲ 2.4 ಮೀಟರ್, ಕ್ಯಾನನ್‌ನಲ್ಲಿ 3.4 ಮೀಟರ್. ಕಾಗದದ ಮೇಲೆ ಪಿ950 ಗೆದ್ದಂತೆ. ಹಕ್ಕಿ ಯಾವುದೆಂದು ಗುರುತಿಸಲು, ಕೊಕ್ಕಿನ ಬಣ್ಣ ನೋಡಿ ಹಿರಿಯ ಜಾತಿಯದೋ ಕಿರಿಯ ಜಾತಿಯದೋ ಎಂದು ಹೇಳಲು ಅದು ನಿಜಕ್ಕೂ ಗೆಲ್ಲುತ್ತದೆ.

ಆದರೆ ಹತ್ತು ಗಂಟೆ ಆಗಲಿ. ಬಿಸಿಲಿಗೆ ಕಾದ ಕೆಸರಿನಿಂದ ಏಳುವ ಬಿಸಿಗಾಳಿ ಬೆಳಕನ್ನು ತಿರುಚುತ್ತದೆ. ದೋಸೆ ಕಾವಲಿಯ ಮೇಲಿನ ಗಾಳಿ ನಡುಗುತ್ತದಲ್ಲ, ಹಾಗೆ. ಜೂಮ್ ಹೆಚ್ಚಿದಷ್ಟೂ ಈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಯಾವ ಲೆನ್ಸ್‌ನಿಂದಲೂ, ಯಾವ ಶಾರ್ಪನಿಂಗ್‌ನಿಂದಲೂ ಇದು ಸರಿಹೋಗುವುದಿಲ್ಲ. ಇಲ್ಲಿ ಕ್ಯಾಮೆರಾಗಿಂತ ದೊಡ್ಡ ಸಲಕರಣೆ ಉಬ್ಬರ-ಇಳಿತದ ಪಟ್ಟಿ, ಇಲ್ಲಿನವರ ಬಾಯಲ್ಲಿ ಭರತಿ-ಓಹೋಟಿ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರಿನ ಬಯಲಿಡೀ ಹರಡಿಕೊಂಡಿರುತ್ತವೆ. ನೀರು ಏರುತ್ತಾ ಬಂದಂತೆ ಮೇಯುವ ಜಾಗ ಕಿರಿದಾಗಿ ಗುಂಪು ಒತ್ತಾಗುತ್ತದೆ, ದಡಕ್ಕೂ ಹತ್ತಿರವಾಗುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಏರುವ ನೀರು ಮತ್ತು ಬೆಳಗಿನ ತಂಪು ಒಟ್ಟಿಗೆ ಸಿಗುವುದು ಹದಿನೈದು ದಿನಕ್ಕೆ ಮೂರು-ನಾಲ್ಕು ಬೆಳಗು ಮಾತ್ರ. ಆ ಬೆಳಗುಗಳಲ್ಲಿ 640 ಮಿ.ಮೀ. ಸಾಕಾಗುತ್ತದೆ.

ಹಾರುವ ಗುಂಪಿಗೆ ಶಟರ್ 1/2000, ದ್ಯುತಿರಂಧ್ರ (ಬೆಳಕು ಒಳಬರುವ ಕಂಡಿ) ಎಫ್ 8, ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟಕ್ಕೆ ಆಟೊ ಐಎಸ್‌ಒ. ಕಪ್ಪು ಕೆಸರಿನ ಹಿನ್ನೆಲೆಗೆ ಎಕ್ಸ್‌ಪೋಶರ್ ಮೈನಸ್ 0.7 ಇಡದಿದ್ದರೆ ಬೆನ್ನಿನ ಗರಿಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಆರ್10 ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಪಿ950ರಲ್ಲಿ ವೇಗದ ಬರ್ಸ್ಟ್ (ಒಂದರ ಹಿಂದೊಂದು ಚಿತ್ರ) ಸೆಕೆಂಡಿಗೆ 7ರಂತೆ 10 ಚಿತ್ರಕ್ಕೆ ನಿಲ್ಲುತ್ತದೆ, ಹಾಗಾಗಿ ಹಾರಾಟಕ್ಕಿಂತ ನಿಂತ ಹಕ್ಕಿಗೆ ಅದು ಒಗ್ಗುತ್ತದೆ. ಪೂರ್ತಿ ಜೂಮ್‌ನಲ್ಲಿ ಹಕ್ಕಿ ಕಣ್ತಪ್ಪಿದರೆ ಲೆನ್ಸ್ ಬದಿಯ ಸ್ನ್ಯಾಪ್-ಬ್ಯಾಕ್ ಗುಂಡಿ ಒತ್ತಿ ಹಿಡಿಯಿರಿ. ನೋಟ ಅಗಲವಾಗುತ್ತದೆ, ಹಕ್ಕಿಯನ್ನು ನಡುವೆ ತಂದು ಬಿಟ್ಟರೆ ಮೊದಲಿನ ಜೂಮ್‌ಗೆ ಮರಳುತ್ತದೆ. ಇದನ್ನು ಬೆರಳಿಗೆ ರೂಢಿ ಮಾಡಿಕೊಳ್ಳದವರು ಆಕಾಶದಲ್ಲಿ ಹುಡುಕುತ್ತಲೇ ಇರುತ್ತಾರೆ.

ಬೋರಿವಲಿ: ನೆರಳು ಎಲ್ಲವನ್ನೂ ತಿರುಗಿಸುತ್ತದೆ

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮರಗಳ ಕೆಳಗೆ, ಸೂರ್ಯ ಇನ್ನೂ ಮೇಲೇರದ ಹೊತ್ತಿಗೆ, ಎಫ್ 8ರಲ್ಲಿ 1/250 ಶಟರ್ ಬೇಕೆಂದರೆ ಐಎಸ್‌ಒ 1600 ದಾಟುತ್ತದೆ. ಆರ್10ರ ಸೆನ್ಸರ್ ಇದನ್ನು ತಾಳಿಕೊಳ್ಳುತ್ತದೆ. ಬ್ರಿಡ್ಜ್ ಕ್ಯಾಮೆರಾದ ಸೆನ್ಸರ್ ವಿಸ್ತೀರ್ಣದಲ್ಲಿ ಅದರ ಸುಮಾರು ಹನ್ನೆರಡನೇ ಒಂದು ಭಾಗ. ಅಷ್ಟು ಚಿಕ್ಕ ಸೆನ್ಸರ್‌ನಲ್ಲಿ ಐಎಸ್‌ಒ 800ಕ್ಕೇ ಮಡಿವಾಳ ಹಕ್ಕಿಯ ಕಪ್ಪು ಬೆನ್ನಿನಲ್ಲಿ ಗರಿಯ ಗೆರೆಗಳು ಅಳಿಸಿ ಬರೀ ಮರಳಿನಂಥ ಚುಕ್ಕೆಗಳು (ನಾಯ್ಸ್) ಉಳಿಯುತ್ತವೆ. ಪೂರ್ತಿ ಜೂಮ್‌ನಲ್ಲಿ ದ್ಯುತಿರಂಧ್ರ ಎಫ್ 6.5ಕ್ಕೆ ಬಂದಿರುತ್ತದೆ, ಈ ಅಳತೆಯ ಸೆನ್ಸರ್‌ನಲ್ಲಿ ಅದನ್ನು ಇನ್ನೂ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಹರಡಿಕೊಳ್ಳುವ ಡಿಫ್ರ್ಯಾಕ್ಷನ್‌ನಿಂದ ಚಿತ್ರ ಮೆತ್ತಗಾಗುತ್ತದೆಯೇ ಹೊರತು ಚುರುಕಾಗುವುದಿಲ್ಲ.

ಸಿಗ್ಮಾ 600 ಮಿ.ಮೀ.ನಲ್ಲೂ ಎಫ್ 6.3 ಕೊಡುತ್ತದೆ, ಕ್ಯಾನನ್‌ನ ಎಫ್ 8ಗಿಂತ ಸುಮಾರು ಮೂರನೇ ಎರಡು ಸ್ಟಾಪ್‌ನಷ್ಟು ಹೆಚ್ಚು ಬೆಳಕು. ಮರದ ತುದಿಯ ಕುಟ್ರು ಹಕ್ಕಿಗೆ ಇದೇ ಮೇಲು. ಆದರೆ 2.7 ಕಿಲೊವನ್ನು ಕೈಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಎತ್ತಿ ಹಿಡಿಯಲಾಗದು, ಮಾನೊಪಾಡ್ (ಒಂಟಿಗಾಲಿನ ಸ್ಟ್ಯಾಂಡ್) ಬೇಕೇ ಬೇಕು. ಜೊತೆಗೆ ಡಿ7200ನಂಥ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಇವೆರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕಣ್ಣಿನ ಬದಲು ರೆಕ್ಕೆ ಸ್ಪಷ್ಟವಾಗುತ್ತದೆ. ಹತ್ತು ಮೀಟರ್ ದೂರದಲ್ಲಿ ಸ್ಕೇಲೊಂದನ್ನು ಓರೆಯಾಗಿ ಇಟ್ಟು, ನಡುವಿನ ಗೆರೆಗೆ ಫೋಕಸ್ ಮಾಡಿ, ಎಎಫ್ ಫೈನ್ ಟ್ಯೂನ್ ಹೊಂದಿಸಿಕೊಂಡೇ ಕಾಡಿಗೆ ಹೋಗಿ. ಆರ್10ನಂಥ ಮಿರರ್‌ಲೆಸ್‌ನಲ್ಲಿ (ಕನ್ನಡಿಯಿಲ್ಲದ್ದು) ಈ ತಾಪತ್ರಯವಿಲ್ಲ.

ಮುತ್ತುಗದ ಹೂವಿನ ಮುಂದೆ

ಕ್ಯಾನನ್ ಜೋಡಿಯೇ ಮೇಲೆಂಬ ನಮ್ಮ ತೀರ್ಮಾನ ಗಟ್ಟಿಯಾದದ್ದು ಇಲ್ಲಿ. ಮುತ್ತುಗಕ್ಕೆ ಕಿಂಶುಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ಹೂವಿನ ಎಸಳು ಗಿಳಿಯ ಕೊಕ್ಕಿನಂತೆಯೇ ಬಾಗಿರುತ್ತದೆ. ಹತ್ತಿರ ಹೋದರೆ ಎಸಳಿನ ಮೇಲೆ ಬೆಳ್ಳಗಿನ ಸಣ್ಣ ರೋಮಗಳ ಪದರ, ಕೆಳಗೆ ಕಪ್ಪು-ಕಂದು ಮಖಮಲ್ಲಿನಂಥ ಪುಷ್ಪಪಾತ್ರೆ. ಆರ್‌ಎಫ್ 100–400 ಲೆನ್ಸ್ 400 ಮಿ.ಮೀ.ನಲ್ಲೂ ಸುಮಾರು ಒಂದು ಮೀಟರ್‌ವರೆಗೆ ಹತ್ತಿರ ಫೋಕಸ್ ಮಾಡುತ್ತದೆ. ಆಗ ಐದೂವರೆ ಸೆಂಟಿಮೀಟರ್ ಅಗಲ ಚೌಕಟ್ಟು ತುಂಬುತ್ತದೆ, ಅಂದರೆ ಒಂದೇ ಹೂವು. ಸಿಗ್ಮಾಗೆ 2.8 ಮೀಟರ್ ಬೇಕು, ಸಿಗುವುದು ಅದರ ದುಪ್ಪಟ್ಟು ಅಗಲ. ಪಿ950ಕ್ಕೆ ಪೂರ್ತಿ ಜೂಮ್‌ನಲ್ಲಿ ಐದು ಮೀಟರ್ ಬೇಕು. ಮ್ಯಾಕ್ರೊದಲ್ಲಿ ಒಂದು ಸೆಂಟಿಮೀಟರ್‌ವರೆಗೆ ಹೋಗುತ್ತದೆ, ಆದರೆ ಆಗ ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಹೂವಿನಿಂದ ಕಣ್ಣೆತ್ತಿ ಅದೇ ಕೊಂಬೆಯ ಸೂರಕ್ಕಿಗೆ ಲೆನ್ಸ್ ಬದಲಿಸದೆ ಸುಲಭವಾಗಿ ತಿರುಗಬಲ್ಲದ್ದು ಕ್ಯಾನನ್ ಜೋಡಿ. ಮೊಬೈಲು? ಮರವಿಡೀ ಹೂವು, ಹಿಂದೆ ಬೆಟ್ಟ ಸೇರಿಸಿ ತೆಗೆಯಲು ಸಾಕು.

ಕೆಂಪಿನಲ್ಲಿ ಎಲ್ಲರೂ ಎಡವುತ್ತಾರೆ. ಹಗಲಿನ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವ ಲೆಕ್ಕ) ಕೆಂಪು ಚಾನೆಲ್ಲನ್ನು ಸುಮಾರು ಎರಡು ಪಟ್ಟು ಹಿಗ್ಗಿಸುತ್ತದೆ, ಅಲ್ಲೇ ಅದು ತುಂಬಿ ಚೆಲ್ಲುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಬೂದು ಹಿಸ್ಟೋಗ್ರಾಮ್‌ನಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಹಸಿರಿಗೇ ಹೆಚ್ಚು ತೂಕ. ಮೂರು ಬಣ್ಣದ ಹಿಸ್ಟೋಗ್ರಾಮ್ ತೆರೆದು, ಕೆಂಪು ಬಲಗೋಡೆಗೆ ತಾಗದವರೆಗೆ ಎಕ್ಸ್‌ಪೋಶರ್ ಇಳಿಸಿ. ಬಿಸಿಲಲ್ಲಿ ಮೈನಸ್ 1ರವರೆಗೂ ಹೋಗಬೇಕಾದೀತು. ಬೂರುಗಕ್ಕೂ ಹಾಲುವಾಣಕ್ಕೂ ಇದೇ ಮಾತು.

ಎಡಿಟಿಂಗ್: ಸ್ನ್ಯಾಪ್‌ಸೀಡ್, ಲೈಟ್‌ರೂಮ್, ಡಾರ್ಕ್‌ಟೇಬಲ್

ಒಂದೇ ಮುತ್ತುಗದ ಚಿತ್ರವನ್ನು ಈ ಮೂರು ತಂತ್ರಾಂಶಗಳಲ್ಲೂ ತಿದ್ದಿದೆವು. ಸ್ನ್ಯಾಪ್‌ಸೀಡ್‌ಗೆ ಕೊಟ್ಟದ್ದು ಜೆಪೆಗ್. ಅದರಲ್ಲಿ ಚೆಲ್ಲಿಹೋದ ಕೆಂಪು ಮರಳಲಿಲ್ಲ, ಎಸಳು ಪ್ಲಾಸ್ಟಿಕ್ಕಿನಂತೆ ಉಳಿಯಿತು. ಆದರೆ ಸೆಲೆಕ್ಟಿವ್ ಎಂಬ ಸಾಧನದಿಂದ ಹಕ್ಕಿಯ ಮುಖದ ಮೇಲೆ ಚುಕ್ಕೆ ಇಟ್ಟು, ಎರಡು ಬೆರಳಿನಿಂದ ವೃತ್ತ ಕಿರಿದು ಮಾಡಿ, ಬ್ರೈಟ್‌ನೆಸ್ 20, ಸ್ಟ್ರಕ್ಚರ್ 15 ಏರಿಸುವುದು ಅರ್ಧ ನಿಮಿಷದ ಕೆಲಸ. ಲೋಕಲ್‌ನಲ್ಲಿ ಕೂತೇ ಮುಗಿಯುತ್ತದೆ, ದುಡ್ಡೂ ಇಲ್ಲ.

ಲೈಟ್‌ರೂಮ್ ರಾ ಫೈಲಿನಿಂದ (ಕ್ಯಾಮೆರಾ ತಿದ್ದದೆ ಉಳಿಸಿದ ಪೂರ್ತಿ ಮಾಹಿತಿ) ಕೆಂಪನ್ನು ಚೆನ್ನಾಗಿ ಹೊರತೆಗೆಯಿತು: ಕಲರ್ ಮಿಕ್ಸರ್‌ನಲ್ಲಿ ಕೆಂಪಿನ ಸ್ಯಾಚುರೇಶನ್ ಮೈನಸ್ 15, ಲ್ಯೂಮಿನನ್ಸ್ ಮೈನಸ್ 10 ಮಾಡಿದೊಡನೆ ರೋಮಗಳು ಎದ್ದು ಕಂಡವು. 2023ರಲ್ಲಿ ಬಂದ, ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ಅನ್ನು 40ರ ಆಸುಪಾಸು ಇಟ್ಟರೆ ಕಾಡಿನ ನೆರಳಿನ ಚಿತ್ರಗಳಿಗೆ ಜೀವ ಬರುತ್ತದೆ; 70 ದಾಟಿದರೆ ಗರಿ ಮೇಣವಾಗುತ್ತದೆ. ತಿಂಗಳ ಚಂದಾ ಇದೆ, ಗ್ರಾಫಿಕ್ಸ್ ಕಾರ್ಡಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಒಂದು ಚಿತ್ರಕ್ಕೆ ಹಲವು ನಿಮಿಷ ಹಿಡಿಯುತ್ತದೆ.

ಡಾರ್ಕ್‌ಟೇಬಲ್ ಪೂರ್ತಿ ಉಚಿತ, ಕೆಂಪಿನ ಮಟ್ಟಿಗೆ ಲೈಟ್‌ರೂಮ್‌ಗೆ ಸರಿಸಮ. ಡಿನಾಯ್ಸ್ ಪ್ರೊಫೈಲ್ಡ್, ಎಕ್ಸ್‌ಪೋಶರ್, ಸಿಗ್ಮಾಯ್ಡ್, ಕಲರ್ ಬ್ಯಾಲೆನ್ಸ್ ಆರ್‌ಜಿಬಿ: ಈ ನಾಲ್ಕೇ ಮಾಡ್ಯೂಲ್ ಕಲಿಯಿರಿ, ಉಳಿದವನ್ನು ಮುಟ್ಟಬೇಡಿ. ಎರಡು ವಾರ ಕೈ ತಡವರಿಸುತ್ತದೆ, ಆಮೇಲೆ ಒಗ್ಗುತ್ತದೆ. ಚಂದಾ ಕಟ್ಟಲು ಮನಸ್ಸಿಲ್ಲದವರಿಗೆ ನಾವು ಧೈರ್ಯವಾಗಿ ಹೇಳುವುದು ಇದನ್ನೇ.

ಮೂರರಲ್ಲೂ ಆಗದ ಕೆಲಸವೊಂದಿದೆ. ಕಪ್ಪು ಸೂರಕ್ಕಿಯ ನೇರಳೆ ಹೊಳಪು ವರ್ಣದ್ರವ್ಯದ್ದಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಬೆಳಕು ಚೆದುರಿ ಬಂದದ್ದು. ಸೂರ್ಯ ನಿಮ್ಮ ಬೆನ್ನಿಗಿಲ್ಲದಿದ್ದರೆ ಆ ಬಣ್ಣ ಕ್ಯಾಮೆರಾ ತಲುಪಿಯೇ ಇರುವುದಿಲ್ಲ. ಶ್ಯಾಡೋಸ್ ಎಷ್ಟು ಎತ್ತಿದರೂ ಬರುವುದು ಕಂದು ನಾಯ್ಸ್ ಮಾತ್ರ.

ಕಲ್ಪನೆಯ ಚಿತ್ರಕ್ಕೆ ಮಲ್ಟಿಪ್ಲೈ

ಹಕ್ಕಿಯನ್ನು ಕತ್ತರಿಸದೆ ಹೂವಿನೊಳಗೆ ಬೆರೆಸುವ ದಾರಿ ಇದು. ಬಿಳಿ ಮೋಡದೆದುರು ಕೂತ ಹಕ್ಕಿಯನ್ನು ಪ್ಲಸ್ 1.7ರಷ್ಟು ಹೆಚ್ಚು ಬೆಳಕಿಗೆ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಆಕಾಶವೇ ಸ್ಟುಡಿಯೊದ ಬಿಳಿ ಪರದೆ. ಮುತ್ತುಗದ ಕೊಂಬೆಯನ್ನು ಮ್ಯಾನ್ಯುಯಲ್ ಫೋಕಸ್‌ನಲ್ಲಿ ಬೇಕೆಂದೇ ಮಸುಕಾಗಿ ತೆಗೆದಿಟ್ಟುಕೊಳ್ಳಿ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಹೂವು ಕೆಳಗಿನ ಪದರ, ಹಕ್ಕಿ ಮೇಲಿನ ಪದರ, ಮೋಡ್ ಮಲ್ಟಿಪ್ಲೈ. ಶುದ್ಧ ಬಿಳಿಯನ್ನು ಯಾವುದರಿಂದ ಗುಣಿಸಿದರೂ ಆ ಬಣ್ಣವೇ ಉಳಿಯುವುದರಿಂದ ಆಕಾಶ ತಾನಾಗಿ ಮಾಯವಾಗಿ ಹಕ್ಕಿ ಹೂವಿನ ಮೇಲೆ ನಿಲ್ಲುತ್ತದೆ. ಸ್ನ್ಯಾಪ್‌ಸೀಡ್‌ನ ಡಬಲ್ ಎಕ್ಸ್‌ಪೋಶರ್‌ನಲ್ಲಿ ಡಾರ್ಕನ್ ಆರಿಸಿದರೆ ಹತ್ತಿರದ ಫಲಿತಾಂಶ ಸಿಗುತ್ತದೆ.

ಆಕಾಶ 255ರ ಬದಲು 240ರಲ್ಲಿ ನಿಂತಿದ್ದರೆ ಚಿತ್ರವಿಡೀ ಕೊಳೆ ಪರದೆ ಹೊದ್ದಂತಾಗುತ್ತದೆ. ಲೆವೆಲ್ಸ್‌ನ ಬಿಳಿ ತುದಿಯನ್ನು ಒಳಗೆ ಎಳೆಯಿರಿ. ಹಕ್ಕಿ ಕೂತ ಕೊಂಬೆಯ ಅಂಚಿನ ನೇರಳೆ ಗೆರೆಯನ್ನು ಪದರ ಸೇರಿಸುವ ಮೊದಲೇ ತೆಗೆಯಬೇಕು, ಆಮೇಲೆ ಅದು ಕೆಂಪಿನಲ್ಲಿ ಕಲೆಯಾಗಿ ಕೂರುತ್ತದೆ. ಇಂಥ ಚಿತ್ರ ಹಂಚುವಾಗ ‘ಎರಡು ಚಿತ್ರಗಳ ಜೋಡಣೆ’ ಎಂದು ಬರೆಯಿರಿ. ಸ್ಪರ್ಧೆಗಳ ನಿಸರ್ಗ ವಿಭಾಗಕ್ಕೆ ಇದು ಸಲ್ಲದು, ಕ್ರಿಯೇಟಿವ್ ವಿಭಾಗಕ್ಕೆ ಕಳಿಸಿ.

ಗೋಡೆಗೆ ಹಾಕುವುದಾದರೆ 8×12 ಇಂಚಿಗೆ 2400×3600 ಪಿಕ್ಸೆಲ್ ಸಾಕು, ಪಿ950ರ 16 ಮೆಗಾಪಿಕ್ಸೆಲ್ ಕೂಡ ಧಾರಾಳ. ಎಸ್‌ಆರ್‌ಜಿಬಿ ಜೆಪೆಗ್ ಕೊಡಿ, ಮ್ಯಾಟ್ ಕಾಗದ ಕೇಳಿ. ಮೊದಲು 4×6ರಲ್ಲಿ ಒಂದು ಪ್ರತಿ ತೆಗೆಸಿ, ಕಿಟಕಿ ಬೆಳಕಿನಲ್ಲಿ ಮುತ್ತುಗದ ಎಸಳಿನ ರೋಮ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕೆಂಪಿನ ಸ್ಯಾಚುರೇಶನ್ ಇನ್ನೂ ಐದು ಇಳಿಸಿ ಮತ್ತೊಂದು ಪ್ರತಿ ತೆಗೆಸಿ.