ಬಿಟ್ಟುಹೋದ ಹೆಂಡತಿ, ತಪ್ಪಿಸಿಕೊಂಡ ಕೈದಿ, ಒಂದು ಹಳೇ ಮೇಜು: ‘ಹಿಸ್ ಗರ್ಲ್ ಫ್ರೈಡೇ’

ಹಾವರ್ಡ್ ಹಾಕ್ಸ್ ನಿರ್ದೇಶಿಸಿದ ‘ಹಿಸ್ ಗರ್ಲ್ ಫ್ರೈಡೇ’ ತೆರೆಕಂಡದ್ದು 1940ರ ಜನವರಿಯಲ್ಲಿ. ಕೊಲಂಬಿಯಾ ಸಂಸ್ಥೆಯ ಕಪ್ಪುಬಿಳುಪು ಚಿತ್ರ, ಅವಧಿ 92 ನಿಮಿಷ. ನೋಡಿದವರನ್ನು ಕೇಳಿದರೆ ಮೊದಲು ಹೇಳುವುದೇ ‘ಅಬ್ಬಾ, ಏನು ಸ್ಪೀಡು!’ ಅಂತ. ಮಾತು ನಿಜ, ಆದರೆ ಅರ್ಧ ಮಾತ್ರ. ಇಲ್ಲಿ ವೇಗವೇ ಆಯುಧ. ವಾಲ್ಟರ್ ಬರ್ನ್ಸ್ ಎಂಬ ಸಂಪಾದಕ ಯಾವ ವಾದವನ್ನೂ ನ್ಯಾಯವಾಗಿ ಗೆಲ್ಲುವವನಲ್ಲ. ಎದುರಿಗಿದ್ದವರು ಯೋಚಿಸುವಷ್ಟರಲ್ಲಿ ಇನ್ನೆರಡು ಸುಳ್ಳು ಹೇಳಿ ಮುಗಿಸಿರುತ್ತಾನೆ. ಇಡೀ ಚಿತ್ರದಲ್ಲಿ ಅವನ ವೇಗಕ್ಕೆ ಸರಿಸಾಟಿಯಾಗಿ ಓಡಬಲ್ಲವಳು ಒಬ್ಬಳೇ, ಅವನಿಂದ ಡೈವೋರ್ಸ್ ತೆಗೆದುಕೊಂಡ ಹೆಂಡತಿ, ವರದಿಗಾರ್ತಿ ಹಿಲ್ಡಿ ಜಾನ್ಸನ್. ಇಬ್ಬರೂ ಮತ್ತೆ ಒಂದಾಗುತ್ತಾರಾ ಅನ್ನುವುದಕ್ಕೆ ಚಿತ್ರ ಕೊಡುವ ಪುರಾವೆ ಮುತ್ತೂ ಅಲ್ಲ, ಕಣ್ಣೀರೂ ಅಲ್ಲ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತಿಬಂದರೂ ಇಬ್ಬರಿಗೂ ಎಲ್ಲ ಕೇಳಿಸಿರುತ್ತದೆ, ಅದೇ ಪುರಾವೆ.

ಕಥೆ ಇಷ್ಟು. ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ವಾಲ್ಟರ್ (ಕ್ಯಾರಿ ಗ್ರಾಂಟ್) ಹತ್ತಿರ ಹಿಲ್ಡಿ (ರೊಸಾಲಿಂಡ್ ರಸೆಲ್) ಬಂದು, ಇನ್ನು ಫೋನು, ಟೆಲಿಗ್ರಾಮು ಸಾಕು, ನಾಳೆ ನನ್ನ ಮದುವೆ ಎನ್ನುತ್ತಾಳೆ. ವರ ಆಲ್ಬನಿ ಊರಿನ ಇನ್ಶೂರೆನ್ಸ್ ಏಜೆಂಟ್ ಬ್ರೂಸ್ ಬಾಲ್ಡ್‌ವಿನ್ (ರಾಲ್ಫ್ ಬೆಲಾಮಿ). ಛತ್ರಿ, ಮಳೆಬೂಟು ಸಮೇತ ಓಡಾಡುವ ಒಳ್ಳೆಯ ಮನುಷ್ಯ, ಜೊತೆಗೆ ತಾಯಿ. ನಾಲ್ಕು ಗಂಟೆಯ ರೈಲಿಗೆ ಹೊರಡಬೇಕು. ಅದೇ ಹೊತ್ತಿಗೆ ಊರಿನ ಜೈಲಿನಲ್ಲಿ ಅರ್ಲ್ ವಿಲಿಯಮ್ಸ್ ಎಂಬ ಬಡಪಾಯಿ ಮರುದಿನ ಬೆಳಿಗ್ಗೆ ನೇಣಿಗೇರಲು ಕಾದಿದ್ದಾನೆ. ಅವನ ಗುಂಡಿಗೆ ಸತ್ತದ್ದು ಒಬ್ಬ ಕಪ್ಪು ಪೊಲೀಸ್. ಚುನಾವಣೆ ಹತ್ತಿರ ಬಂದಿದೆ, ಕಪ್ಪು ಮತದಾರರ ವೋಟು ಬೇಕು, ಆದ್ದರಿಂದ ಮೇಯರ್‌ಗೂ ಶೆರಿಫ್‌ಗೂ ಈ ಗಲ್ಲು ಆಗಲೇಬೇಕು. ಆ ಕೈದಿಯ ಒಂದು ಸಂದರ್ಶನ ಬರೆದುಕೊಟ್ಟು ಹೋಗು, ಸಾಕು ಎನ್ನುತ್ತಾನೆ ವಾಲ್ಟರ್. ನಾಲ್ಕರ ರೈಲು ಆರಕ್ಕಾಗುತ್ತದೆ, ಆರರದು ಒಂಬತ್ತಕ್ಕೆ.

ಮೂಲ, 1928ರ ‘ದ ಫ್ರಂಟ್ ಪೇಜ್’ ನಾಟಕ. ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ ಬರೆದದ್ದು. ಅಲ್ಲಿ ಹಿಲ್ಡಿ ಗಂಡಸು, ಕೆಲಸ ಬಿಟ್ಟು ಮದುವೆಯಾಗಿ ಹೋಗಲಿರುವ ವರದಿಗಾರ. 1931ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ಅದನ್ನು ಹಾಗೆಯೇ ಸಿನಿಮಾ ಮಾಡಿದ. ಹಾಕ್ಸ್ ಆ ಪಾತ್ರವನ್ನು ಹೆಣ್ಣಾಗಿಸಿ, ಸಂಪಾದಕನ ಮಾಜಿ ಹೆಂಡತಿಯನ್ನಾಗಿ ಮಾಡಿದ. ಚಿತ್ರಕಥೆ ಚಾರ್ಲ್ಸ್ ಲೆಡರರ್‌ದು. ಈ ಒಂದು ಬದಲಾವಣೆಯಿಂದ ಆಫೀಸಿನ ಪ್ರತಿ ವಾಕ್ಯಕ್ಕೂ ಸಂಸಾರದ ಇನ್ನೊಂದು ಅರ್ಥ ಅಂಟಿಕೊಂಡುಬಿಟ್ಟಿತು. ‘ಈ ಸುದ್ದಿ ಬೇರೆ ಯಾರೂ ಬರೆಯಲಾರರು’ ಎಂದು ವಾಲ್ಟರ್ ಹೇಳುವುದು ಪಕ್ಕಾ ವ್ಯವಹಾರ, ಅಪ್ಪಟ ಪ್ರೇಮ ನಿವೇದನೆಯೂ ಹೌದು. ಅವನಿಗೆ ಬೇರೆ ಥರ ಪ್ರೀತಿ ಹೇಳಿಕೊಳ್ಳಲು ಬರುವುದಿಲ್ಲ. ಡೈವೋರ್ಸ್ ಆಗುವ ದಿನ ವಿಮಾನದಿಂದ ಆಕಾಶದಲ್ಲಿ ಹೊಗೆಯ ಅಕ್ಷರ ಬರೆಸಿದ್ದನಂತೆ. ಅದನ್ನು ನೋಡಲು ನ್ಯಾಯಾಧೀಶ ಹೊರಗೆ ಹೋದದ್ದರಿಂದ ಡೈವೋರ್ಸು 20 ನಿಮಿಷ ತಡವಾಯಿತು ಎಂದು ಹಿಲ್ಡಿಯೇ ಹೇಳುತ್ತಾಳೆ. ಬೈಯುತ್ತಾ ಹೇಳುತ್ತಾಳೆ, ಆದರೆ ಒಂದು ವಿವರವನ್ನೂ ಮರೆತಿಲ್ಲ.

ಮಾತಿನ ಮೇಲೆ ಮಾತು ಬೀಳುವ ತಂತ್ರದ ಹಿಂದೆ ಎರಡು ಲೆಕ್ಕಾಚಾರವಿದೆ. ಮೊದಲನೆಯದು ಬರವಣಿಗೆಯಲ್ಲಿ. ವಾಕ್ಯದ ಆರಂಭಕ್ಕೂ ಕೊನೆಗೂ ಕಳೆದುಹೋದರೆ ನಷ್ಟವಿಲ್ಲದ ಪದಗಳನ್ನು ಸೇರಿಸಿ, ಮುಖ್ಯವಾದದ್ದನ್ನು ನಡುವೆ ಇಟ್ಟಿದ್ದಾರೆ. ಹಾಗಾಗಿ ಒಬ್ಬರ ಬಾಲದ ಮೇಲೆ ಇನ್ನೊಬ್ಬರ ತಲೆ ಬಿದ್ದರೂ ವಿಷಯ ತಪ್ಪುವುದಿಲ್ಲ. ಎರಡನೆಯದು ಧ್ವನಿಮುದ್ರಣದಲ್ಲಿ. ಒಂದೊಂದು ಧ್ವನಿಯನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು ಆಮೇಲೆ ಬೆರೆಸುವ ಅನುಕೂಲ ಆಗ ಇರಲಿಲ್ಲ. ಸೆಟ್ಟಿನ ಮೇಲೆ ಹಲವು ಮೈಕು ತೂಗುಹಾಕಿ, ಯಾರ ಮಾತು ಬೇಕೋ ಅವರ ಮೈಕನ್ನು ಅಲ್ಲೇ ಆನ್ ಮಾಡಿ, ಉಳಿದದ್ದನ್ನು ಆಫ್ ಮಾಡುತ್ತಿದ್ದರು. ಒಂದೇ ದೃಶ್ಯದಲ್ಲಿ 35 ಸಲದವರೆಗೂ ಹೀಗೆ ಗುಂಡಿ ತಿರುಗಿಸಿದ್ದುಂಟು. ಸಾಮಾನ್ಯ ಸಂಭಾಷಣೆ ನಿಮಿಷಕ್ಕೆ ಸುಮಾರು 140 ಪದ ಎಂದಿಟ್ಟುಕೊಂಡರೆ ಇಲ್ಲಿ ಸುಮಾರು 240 ಎಂದು ಲೆಕ್ಕ ಹಾಕಿದವರಿದ್ದಾರೆ.

ಇಷ್ಟು ವೇಗದಲ್ಲಿ ನಟಿಸುವುದು ಹುಡುಗಾಟವಲ್ಲ. ಹಿಲ್ಡಿಯ ಪಾತ್ರವನ್ನು ಹಲವು ದೊಡ್ಡ ನಟಿಯರು ಬೇಡವೆಂದ ಮೇಲೆ ಅದು ರಸೆಲ್ ಕೈಗೆ ಬಂತು. ಒಳ್ಳೆಯ ಸಾಲುಗಳೆಲ್ಲ ಗ್ರಾಂಟ್‌ಗೇ ಹೋಗುತ್ತಿವೆ ಅನ್ನಿಸಿ ಆಕೆ ಸ್ವಂತ ಖರ್ಚಿನಲ್ಲಿ ಒಬ್ಬ ಜಾಹೀರಾತು ಬರಹಗಾರನನ್ನು ಗೊತ್ತುಮಾಡಿಕೊಂಡು ತನ್ನ ಮಾತುಗಳಿಗೆ ಸಾಣೆ ಹಿಡಿಸಿದ ಸಂಗತಿಯನ್ನು ಮುಂದೆ ತಾನೇ ಹೇಳಿಕೊಂಡಿದ್ದಾಳೆ. ಆ ಪೈಪೋಟಿ ತೆರೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಗ್ರಾಂಟ್ ಒಂದು ಕಡೆ ಪಾತ್ರದ ಒಳಗಿನಿಂದಲೇ ತನ್ನ ಹುಟ್ಟುಹೆಸರಾದ ಆರ್ಚಿ ಲೀಚ್ ಅನ್ನು ಎಳೆದುತರುತ್ತಾನೆ. ಇನ್ನೊಂದು ಕಡೆ ಬ್ರೂಸ್ ಹೇಗಿದ್ದಾನೆ ಎಂದು ಕೇಳಿದರೆ, ಸಿನಿಮಾದಲ್ಲಿ ಬರುವ ರಾಲ್ಫ್ ಬೆಲಾಮಿ ಥರ ಎನ್ನುತ್ತಾನೆ. ಕಿವಿ ಆಚೀಚೆ ಆದರೆ ಎರಡೂ ತಪ್ಪಿಹೋಗುತ್ತವೆ. ರಸೆಲ್ ಮೈಯಲ್ಲೂ ಅಷ್ಟೇ ಚುರುಕು. ಕೈದಿ ತಪ್ಪಿಸಿಕೊಂಡ ಗುಟ್ಟು ಗೊತ್ತಿರುವ ಜೈಲು ಸಿಬ್ಬಂದಿಯ ಹಿಂದೆ ಬೀದಿಯಲ್ಲಿ ಓಡಿ, ಹಾರಿ ಅವನ ಕಾಲು ಹಿಡಿದು ಕೆಡವುತ್ತಾಳೆ, ಅದೂ ಪಟ್ಟೆಪಟ್ಟೆಯ ಸೂಟಿನಲ್ಲಿ.

ಅಪರಾಧದ ಭಾಗ ಸಡಿಲವಾಗಿಲ್ಲ, ಸುತ್ತಿದಷ್ಟೂ ಬಿಗಿಯಾಗುತ್ತದೆ. ದುಡ್ಡಿನ ದಾರಿ ಹಿಡಿದು ಹೋದರೆ ತಿಳಿಯುತ್ತದೆ. ಹಿಲ್ಡಿ ಸಂದರ್ಶನ ಮಾಡಿಕೊಡುವುದಕ್ಕೆ ಬದಲಾಗಿ ವಾಲ್ಟರ್ ಬ್ರೂಸ್ ಹತ್ತಿರ ವಿಮೆ ಮಾಡಿಸಬೇಕು. ಅದರ 2,500 ಡಾಲರಿನ ಚೆಕ್ಕನ್ನು ಟೋಪಿಯ ಒಳಪದರದಲ್ಲಿ ಇಟ್ಟುಕೋ ಎಂದು ಹಿಲ್ಡಿ ಬ್ರೂಸ್‌ಗೆ ಹೇಳುತ್ತಾಳೆ, ಏಕೆಂದರೆ ವಾಲ್ಟರನ ಬಂಟ ಲೂಯಿಯ ಕೈಚಳಕ ಅವಳಿಗೆ ಗೊತ್ತು. ಜೈಲಿನವನಿಗೆ ಅವಳು ಕೊಡುವ 450 ಡಾಲರ್ ಲಂಚ ಮದುವೆಗೆಂದು ಇಟ್ಟುಕೊಂಡ ಹಣ. ಅದನ್ನು ತುಂಬಿಕೊಡಲು ಲೂಯಿ ತರುವುದು ಖೋಟಾ ನೋಟು. ಬ್ರೂಸ್ ಒಂದೇ ದಿನದಲ್ಲಿ ಮೂರು ಸಲ ಪೊಲೀಸರ ಕೈಗೆ ಬೀಳುತ್ತಾನೆ: ಮೊದಲು ಗಡಿಯಾರ ಕದ್ದ ಆರೋಪ, ಆಮೇಲೆ ಹೆಂಗಸನ್ನು ಕೆಣಕಿದ ಆರೋಪ, ಕೊನೆಗೆ ಖೋಟಾ ನೋಟು. ಮೂರಕ್ಕೂ ಸೂತ್ರಧಾರ ಒಬ್ಬನೇ. ನಾಟಕ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಗಡಿಯಾರದ ಕಳ್ಳತನ ನಾಟಕದಲ್ಲಿ ಕೊನೆಯ ಪರದೆ ಬೀಳಿಸುವ ಚಟಾಕಿ. ಹಾಕ್ಸ್ ಅದನ್ನು ಮೊದಲ ಅರ್ಧದಲ್ಲೇ ಖರ್ಚು ಮಾಡಿಬಿಟ್ಟ. ಅಲ್ಲಿಗೆ ಕೊನೆಗೆ ಹೊಸ ದಾರಿ ಹುಡುಕಲೇಬೇಕಾಯಿತು, ಆ ದಾರಿ ಮದುವೆಯ ಕಡೆಗೇ ಹೋಯಿತು.

ಕೈದಿ ತಪ್ಪಿಸಿಕೊಳ್ಳುವುದು ಹೇಗೆ ಅನ್ನುವುದೂ ಒಳ್ಳೆಯ ಪ್ರಹಸನ. ಮನೋವೈದ್ಯ ಕೊಲೆಯ ಕ್ಷಣವನ್ನು ಮತ್ತೆ ಅಭಿನಯಿಸಿ ತೋರಿಸು ಎಂದು ಕೇಳುತ್ತಾನೆ, ಅದಕ್ಕೆ ಶೆರಿಫ್ ತನ್ನದೇ ಪಿಸ್ತೂಲು ಕೊಡುತ್ತಾನೆ. ಮುಂದೆ ಪತ್ರಕರ್ತರ ಕೋಣೆಯಲ್ಲಿದ್ದ, ಸುರುಳಿ ಮುಚ್ಚಳದ ರೋಲ್‌ಟಾಪ್ ಮೇಜಿನೊಳಗೆ ಅರ್ಲ್ ಅಡಗುತ್ತಾನೆ. ಅಲ್ಲಿಂದ ಚಿತ್ರ ಹೆಚ್ಚುಕಡಿಮೆ ಈ ಒಂದು ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ. ಒಂದು ಮೇಜು, ಸಾಲು ಫೋನುಗಳು, ಕಿಟಕಿಯ ಹೊರಗೆ ಗಲ್ಲುಗಂಬ. ಹಿಲ್ಡಿ ಟೈಪ್ ಮಾಡುತ್ತಿದ್ದಾಳೆ, ವಾಲ್ಟರ್ ಫೋನಿನಲ್ಲಿ ಮುಖಪುಟ ಕಿತ್ತು ಹೊಸದಾಗಿ ಕಟ್ಟಿಸುತ್ತಿದ್ದಾನೆ, ನಡುವೆ ಬ್ರೂಸ್ ನಿಂತು ‘ಹಿಲ್ಡಿ, ಬರ್ತೀಯಾ ಇಲ್ವಾ?’ ಎಂದು ಕೇಳುತ್ತಿದ್ದಾನೆ. ಅವಳು ಉತ್ತರ ಕೊಡುತ್ತಾಳೆ, ಆದರೆ ಅವನು ಕೇಳಿದ್ದು ಅವಳ ಕಿವಿಗೇ ಬಿದ್ದಿಲ್ಲ. ಮದುವೆ ಮುರಿದದ್ದು ಅಲ್ಲೇ, ಯಾರೂ ಘೋಷಿಸುವುದಿಲ್ಲ. ಇಡೀ ಚಿತ್ರದಲ್ಲಿ ಒಂದೇ ದೃಶ್ಯ ಮತ್ತೆ ನೋಡುವುದಾದರೆ ಇದನ್ನು ನೋಡಬೇಕು.

ವೇಗ ನಿಲ್ಲುವ ಎರಡು ಜಾಗಗಳೂ ಅಷ್ಟೇ ಮುಖ್ಯ. ಜೈಲಿನಲ್ಲಿ ಹಿಲ್ಡಿ ಅರ್ಲ್‌ನನ್ನು ಮಾತಾಡಿಸುವಾಗ ದನಿ ತಗ್ಗುತ್ತದೆ, ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ಪಾರ್ಕಿನ ಭಾಷಣದಲ್ಲಿ ‘ಉತ್ಪಾದನೆ ಬಳಕೆಗಾಗಿ’ ಎಂಬ ಘೋಷಣೆ ಕೇಳಿದ್ದನ್ನು ಅವನು ನೆನೆಯುತ್ತಾನೆ. ಕೋವಿ ಇರುವುದು ಹಾರಿಸಲು ತಾನೇ, ಅದಕ್ಕೇ ಹಾರಿಸಿದೆ ಎಂಬ ಉತ್ತರವನ್ನು ಹಿಲ್ಡಿ ಮೆತ್ತಗೆ ಅವನ ಬಾಯಿಗೆ ಇಡುತ್ತಾಳೆ. ಕರುಣೆ ಇದೆ, ಕಸುಬಿನ ಕುಯುಕ್ತಿಯೂ ಇದೆ. ಇನ್ನೊಂದು, ಅರ್ಲ್‌ಗೆ ಮರುಕ ತೋರಿದ ಮಾಲಿ ಎಂಬ ಹೆಂಗಸನ್ನು (ಹೆಲೆನ್ ಮ್ಯಾಕ್) ವರದಿಗಾರರೆಲ್ಲ ಸೇರಿ ಆಡಿಕೊಂಡ ಮೇಲಿನ ಮೌನ. ಹಿಲ್ಡಿ ಅವಳನ್ನು ಹೊರಗೆ ಕಳಿಸಿ ಬಂದು, ‘ಪತ್ರಿಕಾ ಮಹನೀಯರು!’ ಎನ್ನುವ ಅರ್ಥದ ಒಂದೇ ಮಾತು ಎಸೆಯುತ್ತಾಳೆ. ಯಾರೂ ತಲೆ ಎತ್ತುವುದಿಲ್ಲ.

ಕುಂದು ಇಲ್ಲದಿಲ್ಲ. ದೊಡ್ಡದು ಮಾಲಿಯದೇ. ಅರ್ಲ್‌ನ ಜಾಗ ಬಾಯಿಬಿಡಬಾರದೆಂದು ಅವಳು ಕಿಟಕಿಯಿಂದ ಹಾರುತ್ತಾಳೆ. ಸತ್ತಿಲ್ಲ, ಅಲ್ಲಾಡುತ್ತಿದ್ದಾಳೆ ಎಂದು ಯಾರೋ ಹೇಳುತ್ತಾರೆ, ಅಷ್ಟಕ್ಕೆ ಮುಗಿಯಿತು. ಅವಳನ್ನು ವರದಿಗಾರರು ಮರೆತರೆ ಅದು ವಿಡಂಬನೆ, ಚಿತ್ರವೇ ಮರೆತರೆ ಏನೆನ್ನಬೇಕು? ವರದಿಗಾರರ ಹರಟೆಯಲ್ಲಿ ಕಪ್ಪು ಜನರ ಬಗ್ಗೆ ಬರುವ ಮಾತು ಇವತ್ತು ಕಿವಿಗೆ ಚುಚ್ಚುತ್ತದೆ. ಸತ್ತ ಪೊಲೀಸನಿಗೆ ಚಿತ್ರದಲ್ಲಿ ಹೆಸರಿನಷ್ಟೂ ಜಾಗವಿಲ್ಲ. ಇನ್ನು ವಾಲ್ಟರ್ ಕೊನೆಯವರೆಗೂ ಬದಲಾಗುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಹೆಂಡತಿಯ ಪೆಟ್ಟಿಗೆಯನ್ನೂ ಹೊರುವುದಿಲ್ಲ. ಇದನ್ನು ಸುಖಾಂತ ಎಂದು ನಂಬಿ ನೋಡಿದವರಿಗೆ ಕಸಿವಿಸಿಯಾಗುತ್ತದೆ. ಹಾಕ್ಸ್ ಕೂಡ ಪೂರ್ತಿ ನಂಬಿರಲಾರ, ಆ ಕೊನೆಯ ಶಾಟ್ ಹಾಗಿದೆ. ಗಲ್ಲು ತಪ್ಪಿಸುವ ಗವರ್ನರನ ಆದೇಶ ಹೊತ್ತು ಬರುವ ಪೆಟಿಬೋನ್ (ಬಿಲ್ಲಿ ಗಿಲ್ಬರ್ಟ್) ಮಾತ್ರ ಎರಡೇ ದೃಶ್ಯದಲ್ಲಿ ಎಲ್ಲರನ್ನೂ ಮೀರಿಸುತ್ತಾನೆ. ಅದನ್ನು ತಲುಪಿಸಿಲ್ಲ ಎನ್ನಲು ಮೇಯರ್, ಶೆರಿಫ್ ಲಂಚವಾಗಿ ಸರ್ಕಾರಿ ನೌಕರಿ ಕೊಡುತ್ತೇವೆಂದರೆ ಅವನಿಗೆ ಹೆಂಡತಿ ಏನನ್ನುತ್ತಾಳೋ ಎಂಬ ಚಿಂತೆ.

ನೋಡುವವರು ಪ್ರತಿಯನ್ನು ಆರಿಸಿಕೊಳ್ಳುವಾಗ ಜಾಗ್ರತೆ. ಅಮೆರಿಕದಲ್ಲಿ ಈ ಚಿತ್ರದ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋದದ್ದರಿಂದ ಯಾರು ಬೇಕಾದರೂ ಪ್ರತಿ ಮಾಡಿ ಹಾಕಿದ್ದಾರೆ, ಪುಕ್ಕಟೆ ಸಿಗುವ ಬಹಳಷ್ಟು ಪ್ರತಿಗಳು ಮಂಕು. ಚಿತ್ರ ಮಸುಕಾದರೆ ಹೇಗೋ ಸಹಿಸಬಹುದು, ಧ್ವನಿ ಮಸುಕಾದರೆ ಇಲ್ಲಿ ಏನೂ ಉಳಿಯುವುದಿಲ್ಲ. ಎರಡು ದನಿ ಒಟ್ಟಿಗೆ ಬಂದಾಗ ಗೊಜಗೊಜ ಎಂದರೆ ಆ ಪ್ರತಿ ಬಿಟ್ಟುಬಿಡಿ. ಹಿಲ್ಡಿಯ ಸೂಟಿನ ಪಟ್ಟೆಗಳು ಬೇರೆಬೇರೆಯಾಗಿ ಕಾಣದಿದ್ದರೂ ಅಷ್ಟೇ. ಅವಧಿಯನ್ನೂ ನೋಡಿ. 88 ನಿಮಿಷ ಎಂದಿದ್ದರೆ ಅದು ಬಹುಶಃ ಸೆಕೆಂಡಿಗೆ 25 ಫ್ರೇಮಿನ ಪ್ರತಿ (ಸಿನಿಮಾದ್ದು 24), ಶೇ 4ರಷ್ಟು ಜೋರಾಗಿ ಓಡುತ್ತದೆ. ಮೊದಲೇ ಓಡುವ ಚಿತ್ರಕ್ಕೆ ಅದೊಂದು ಕಮ್ಮಿಯಿತ್ತು! ಚೌಕಟ್ಟು 1.37:1, ಅಂದರೆ ಎಡಬಲ ಕಪ್ಪು ಪಟ್ಟಿ ಇರಬೇಕು. ಟಿವಿ ಪೂರ್ತಿ ತುಂಬಿದ್ದರೆ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಇಲ್ಲವೇ ಎಳೆದು ಹಿಗ್ಗಿಸಿದ್ದಾರೆ.

ಕೊಳ್ಳುವುದಾದರೆ ಹಳೆಯ ಚಿತ್ರಗಳ ಡಿಸ್ಕು ತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2017ರಲ್ಲಿ ತಂದ ಬ್ಲೂರೇ ಉತ್ತಮ. ಹೊಸದಾಗಿ ಸಂಸ್ಕರಿಸಿದ ಪ್ರತಿ, ಎರಡನೇ ಡಿಸ್ಕಿನಲ್ಲಿ 1931ರ ‘ದ ಫ್ರಂಟ್ ಪೇಜ್’ ಕೂಡ ಇದೆ. ಆದರೆ ಬ್ಲೂರೇ ಡಿಸ್ಕುಗಳಿಗೆ ದೇಶವಾರು ಬೀಗವಿರುತ್ತದೆ, ಅದಕ್ಕೆ ರೀಜನ್ ಎನ್ನುತ್ತಾರೆ: ಅಮೆರಿಕದ ಡಿಸ್ಕು ರೀಜನ್ ‘ಎ’, ಭಾರತ ರೀಜನ್ ‘ಸಿ’. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ದುಡ್ಡು ದಂಡ. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಮೊದಲ ಸಲ ಸಬ್‌ಟೈಟಲ್ ಹಾಕಿಕೊಳ್ಳಿ, ಯಂತ್ರ ತಾನಾಗಿ ಬರೆದದ್ದು ಬೇಡ, ಅದು ಇಬ್ಬರ ಮಾತನ್ನು ಒಬ್ಬರದೆಂದು ಬೆಸೆದುಬಿಡುತ್ತದೆ. ಎರಡನೇ ಸಲ ಸಬ್‌ಟೈಟಲ್ ತೆಗೆದು, ಮಾತಾಡುವವರನ್ನು ಬಿಟ್ಟು ಸುಮ್ಮನಿರುವವರ ಮುಖ ನೋಡಿ. ಹೋಟೆಲಿನ ಊಟದ ದೃಶ್ಯದಿಂದ ಶುರು ಮಾಡಬಹುದು. ಅಲ್ಲಿ ಮೇಜಿನ ಕೆಳಗೆ ಹಿಲ್ಡಿಯ ಕಾಲು ಮಾಡುವ ಕೆಲಸ ಬ್ರೂಸ್‌ಗೆ ಬಿಟ್ಟು ಎಲ್ಲರಿಗೂ ಗೊತ್ತಾಗುತ್ತದೆ.